ಎಚ್ಚರಿಕೆ: ಬಕೆಟ್‌ಗೆ ಹಾಕಿ ತೋರಿಸಿದ ಕ್ಯಾಮೆರಾ ಬೇರೆ, ನನ್ನ ಕೈಗೆ ಕೊಟ್ಟಿದ್ದು ಬೇರೆ

ಕೊಡಗಿನಲ್ಲಿ ಯಾರಾದರೂ ಮಳೆಗಾಲಕ್ಕೆ ಅಂತ ವಾಟರ್‌ಪ್ರೂಫ್ ಕ್ಯಾಮೆರಾ ತೆಗೆದುಕೊಳ್ಳುವ ಯೋಚನೆಯಲ್ಲಿದ್ದರೆ, ಅಂಗಡಿಗೆ ಹೋಗುವ ಮುಂಚೆ ಇದನ್ನು ಓದಿ. ನನ್ನ 31,500 ರೂಪಾಯಿ ನೀರಿಗೆ ಹೋಯಿತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿ ನೀರಿಗೇ ಹೋಯಿತು. ಎರಡು ತಿಂಗಳು ಯಾರಿಗೂ ಹೇಳದೆ ಸುಮ್ನೆ ಇದ್ದೆ. ಯಾಕೆಂದರೆ ಇದರಲ್ಲಿ ನನ್ನ ಪೆದ್ದುತನವೂ ಇದೆ. ಅದನ್ನೂ ಬರೆಯುತ್ತೇನೆ. ನಗುವವರು ನಗಲಿ.

ಅಂಗಡಿ ಹೆಸರು ಹೇಳುವುದಿಲ್ಲ. ಊರನ್ನೂ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಊರು ಹೇಳಿದರೆ ಅಂಗಡಿ ಯಾವುದು ಅಂತ ಒಂದು ಕಾಫಿ ಕುಡಿಯುವಷ್ಟರಲ್ಲಿ ಗೊತ್ತಾಗುತ್ತೆ, ಅಲ್ವಾ? ದೂರು ಕೊಟ್ಟಿದ್ದೇನೆ, ಅದು ಮುಗಿಯುವ ತನಕ ಬೇಡ. ಕ್ಯಾಮೆರಾ ಕಂಪನಿಯ ಹೆಸರೂ ಬೇಡ. ತಪ್ಪು ಕಂಪನಿಯದ್ದಲ್ಲ.

ನಮ್ಮದು ನಾಪೋಕ್ಲು ಕಡೆ. ಸ್ವಲ್ಪ ಕಾಫಿ, ಸ್ವಲ್ಪ ಗದ್ದೆ, ಮನೆಯ ಪಕ್ಕದಲ್ಲಿ ಎರಡು ರೂಮಿನ ಹೋಮ್‌ಸ್ಟೇ. ಬರುವವರೆಲ್ಲ ಮೊದಲು ಕೇಳುವುದು ಫೋಟೋ. ನನ್ನ ಹಳೇ ಫೋನಿನಲ್ಲಿ ತೆಗೆದರೆ ಮಳೆಗಾಲದ ತೋಟ ಬರೀ ಕಪ್ಪು. ಅದಕ್ಕೇ ಒಂದು ಒಳ್ಳೆ ಕ್ಯಾಮೆರಾ ತೆಗೆದುಕೊಳ್ಳೋಣ ಅಂತ ಹೊರಟಿದ್ದು.

ಬೆಂಗಳೂರಿನಲ್ಲಿರುವ ಅಣ್ಣನ ಮಗನನ್ನು ಕೇಳಿದೆ. ಅವನು ಕ್ಯಾನನ್ 1500ಡಿ ತರಹದ ಶುರುವಿನ ಮಟ್ಟದ ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ತಗೊಳ್ಳಿ ಅಂದ. 24 ಮೆಗಾಪಿಕ್ಸೆಲ್, ಬೆಳಕು ಹಿಡಿಯುವ ದೊಡ್ಡ ಸೆನ್ಸರ್, ಮುಂದೆ ಬೇಕಾದರೆ 55-250 ಜೂಮ್ ಲೆನ್ಸ್ ಹಾಕಿಕೊಂಡು ಗೋಳಿಮರಕ್ಕೆ ಬರುವ ಮಂಗಟ್ಟೆ ಹಕ್ಕಿಯನ್ನೂ ಹತ್ತಿರದಿಂದ ತೆಗೆಯಬಹುದು. ‘ಆದರೆ ಮಳೆಗೆ ಹಿಡಿಯಬೇಡಿ ಚಿಕ್ಕಪ್ಪ, ಅದರಲ್ಲಿ ನೀರು ತಡೆಯುವ ಸೀಲ್ ಇಲ್ಲ. ಕವರ್ ಹಾಕಿಕೊಳ್ಳಿ. ಮನೆಯಲ್ಲಿ ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ, ಇಲ್ಲಾಂದ್ರೆ ಲೆನ್ಸ್‌ಗೆ ಫಂಗಸ್ ಹಿಡಿಯುತ್ತೆ’ ಅಂತಲೂ ಹೇಳಿದ. ಫಂಗಸ್ ವಿಷಯ ನನಗೆ ಹೇಳಿಕೊಡಬೇಕಾ? ಜುಲೈನಲ್ಲಿ ನಮ್ಮ ಮನೆಯಲ್ಲಿ ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು, ಮದುವೆ ಆಲ್ಬಮ್ಮಿಗೂ ಬೂಷ್ಟು. ಆದರೂ ಲೆಕ್ಕ ಹಾಕಿ ಡಿಎಸ್‌ಎಲ್‌ಆರ್ ಅಂತಲೇ ತೀರ್ಮಾನ ಮಾಡಿದ್ದೆ. ಚೀಟಿಯಲ್ಲಿ ಮಾಡೆಲ್ ನಂಬರ್ ಬರೆದುಕೊಂಡು ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಇದನ್ನು ಯಾಕೆ ಹೇಳ್ತಿದ್ದೇನೆ ಅಂದರೆ, ಚೀಟಿ ಜೇಬಿನಲ್ಲೇ ಉಳಿಯಿತು.

ಅಂಗಡಿಯವನು ಚೀಟಿ ನೋಡಿ ನಕ್ಕ. ‘ಸರ್, ನಿಮ್ಮ ಊರಿನ ಮಳೆಗೆ ಡಿಎಸ್‌ಎಲ್‌ಆರಾ? ಒಂದು ಕಕ್ಕಡ ದಾಟಲ್ಲ ಅದು’ ಅಂದ. ಕಕ್ಕಡ ಅಂದರೆ ನಮ್ಮಲ್ಲಿ ಜೋರು ಮಳೆಯ ತಿಂಗಳು. ಕೌಂಟರ್ ಕೆಳಗಿಂದ ಒಂದು ನೀಲಿ ಬಕೆಟ್ ತೆಗೆದ. ನೀರು ಮೊದಲೇ ತುಂಬಿಸಿತ್ತು. ಗಾಜಿನ ಪೆಟ್ಟಿಗೆಯಲ್ಲಿದ್ದ ಕೆಂಪು ಬಣ್ಣದ ಗಟ್ಟಿ ಕ್ಯಾಮೆರಾವನ್ನು ವಿಡಿಯೋ ಆನ್ ಮಾಡಿ ಅದರೊಳಗೆ ಇಳಿಬಿಟ್ಟ. ಹೊರಗೆ ತೆಗೆದು, ಒರೆಸದೆಯೇ ನನ್ನ ಕೈಗೆ ಕೊಟ್ಟ. ಸ್ಕ್ರೀನಿನಲ್ಲಿ ನನ್ನ ಮುಖ ನೀರಿನ ಒಳಗಿಂದ ಅಲುಗಾಡುತ್ತಿತ್ತು. ಅಷ್ಟು ಸಾಕಾಯಿತು ನನಗೆ. ಐವತ್ತು ದಾಟಿದ ಮನುಷ್ಯ ಸಂತೆಯಲ್ಲಿ ಬಲೂನು ನೋಡಿದ ಮಗುವಿನ ಹಾಗೆ ಆಗಿಬಿಟ್ಟೆ.

‘ಹಕ್ಕಿ ಫೋಟೋ ಬರುತ್ತಾ?’ ಅಂತ ಕೇಳಿದೆ. ‘ಡಿಎಸ್‌ಎಲ್‌ಆರ್ ಮಾಡೋದೆಲ್ಲ ಇದೂ ಮಾಡುತ್ತೆ ಸರ್. ಜೊತೆಗೆ ನೀರು.’ ಇದು ಹಸಿ ಸುಳ್ಳು ಅಂತ ಈಗ ಗೊತ್ತು. ಇಂಥ ಗಟ್ಟಿ ಕ್ಯಾಮೆರಾಗಳು ಕೆಟ್ಟವು ಅಂತ ಅಲ್ಲ. ಉದಾಹರಣೆಗೆ ಒಲಿಂಪಸ್ ಟಿಜಿ-6 ಹದಿನೈದು ಮೀಟರ್ ಆಳಕ್ಕೆ ಹೋಗುತ್ತೆ, ಎರಡು ಮೀಟರ್ ಮೇಲಿಂದ ಬಿದ್ದರೂ ತಡೆಯುತ್ತೆ, ಹುಳು ಹೂವಿನ ಫೋಟೋ ತುಂಬಾ ಹತ್ತಿರದಿಂದ ತೆಗೆಯುತ್ತೆ. ಆದರೆ ಅದರ ಜೂಮ್ 100 ಎಂಎಂ ಲೆಕ್ಕಕ್ಕೆ ನಿಲ್ಲುತ್ತೆ (ಈ ನಂಬರ್ ದೊಡ್ಡದಾದಷ್ಟೂ ದೂರದ್ದು ಹತ್ತಿರ ಕಾಣುತ್ತೆ). ಕ್ಯಾನನ್‌ಗೆ 250ರ ಲೆನ್ಸ್ ಹಾಕಿದರೆ ಅದೇ ಲೆಕ್ಕದಲ್ಲಿ 400. ಮಂಗಟ್ಟೆ ಒಂದರಲ್ಲಿ ಹಕ್ಕಿ, ಇನ್ನೊಂದರಲ್ಲಿ ಸೊಳ್ಳೆ. ಸೆನ್ಸರ್ ನೋಡಿದರೆ ಡಿಎಸ್‌ಎಲ್‌ಆರಿನದ್ದು ಸುಮಾರು ಹನ್ನೆರಡು ಪಟ್ಟು ದೊಡ್ಡದು. ಮರದಡಿ, ಮೋಡದಡಿ, ಸಂಜೆ ನಾಲ್ಕಕ್ಕೇ ಕತ್ತಲಾಗುವ ನಮ್ಮ ತೋಟದಲ್ಲಿ ಆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಸಣ್ಣ ಸೆನ್ಸರಿನ ಫೋಟೋ ರಾಗಿಹಿಟ್ಟು ಚೆಲ್ಲಿದ ಹಾಗೆ ಬರುತ್ತೆ. ಇದೆಲ್ಲ ಅಣ್ಣನ ಮಗ ಮೊದಲೇ ಹೇಳಿದ್ದ. ಬಕೆಟ್ ನೋಡಿದ ಮೇಲೆ ಯಾವುದೂ ನೆನಪಿಗೆ ಬರಲಿಲ್ಲ.

‘ಕೆಂಪು ಬೇಕಾ, ಕಪ್ಪಾ?’ ಕಪ್ಪು ಅಂದೆ. ‘ಕಪ್ಪು ಒಂದೇ ಪೀಸ್ ಉಳಿದಿದೆ, ಅದೃಷ್ಟ ನಿಮ್ಮದು’ ಅಂತ ಒಳಗೆ ಹೋದ. ಹೋದವನು ಬರಲಿಕ್ಕೆ ಹತ್ತು ನಿಮಿಷ ಆಯಿತು. ಹೊಸ ಡಬ್ಬಿ ತರಲಿಕ್ಕೆ ಹತ್ತು ನಿಮಿಷ ಯಾಕೆ ಬೇಕು? ಆಗ ಕೇಳಲಿಲ್ಲ. ಹುಡುಗ ಕಾಫಿ ತಂದುಕೊಟ್ಟ, ಕುಡಿಯುತ್ತಾ ಕೂತಿದ್ದೆ.

ಈಗ ನನ್ನ ಪೆದ್ದುತನದ ಭಾಗ. ಬೆಲೆ 34,000 ಅಂದ. ಚೌಕಾಸಿ ಮಾಡಿದೆ. ‘ಬಿಲ್ ಬೇಕು ಅಂದ್ರೆ ಇಷ್ಟೇ ಸರ್. ಬಿಲ್ ಬೇಡ ಅಂದ್ರೆ 31,500 ಮಾಡಿಕೊಡ್ತೀನಿ, ವಾರಂಟಿ ನಾನೇ ಇದ್ದೀನಲ್ಲ’ ಅಂದ. ಎಸ್ಟಿಮೇಟ್ ಅಂತ ಮೇಲೆ ಬರೆದ ಒಂದು ಹಳದಿ ಚೀಟಿ ಕೊಟ್ಟ. ಅದರಲ್ಲಿ ಸೀರಿಯಲ್ ನಂಬರ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ, ಸೀಲ್ ಇಲ್ಲ. ‘ಕ್ಯಾಮೆರಾ – 1’ ಅಂತ ಮಾತ್ರ ಇದೆ. ಎರಡೂವರೆ ಸಾವಿರ ಉಳಿಸಿದೆ ಅಂತ ಖುಷಿಯಲ್ಲಿ ಬಸ್ ಹತ್ತಿದೆ. ಹತ್ತು ಸಾವಿರ ಫೋನ್‌ಪೇ ಮಾಡಿದ್ದೆ, ಉಳಿದದ್ದು ನಗದು. ಆ ಹತ್ತು ಸಾವಿರದ ಸ್ಕ್ರೀನ್‌ಶಾಟ್ ಇಲ್ಲದೇ ಇದ್ದಿದ್ದರೆ ನಾನು ಆ ಅಂಗಡಿಗೆ ಕಾಲಿಟ್ಟಿದ್ದಕ್ಕೂ ಸಾಕ್ಷಿ ಇರುತ್ತಿರಲಿಲ್ಲ.

ಅವತ್ತು ರಾತ್ರಿ ಕಾರ್ಡ್ ಹಾಕದೆ ಆನ್ ಮಾಡಿದೆ. ಇಂಥ ಕೆಲವು ಕ್ಯಾಮೆರಾಗಳ ಒಳಗೇ ಸ್ವಲ್ಪ ಮೆಮೊರಿ ಇರುತ್ತೆ. ನೋಡಿದರೆ ಅದರಲ್ಲಿ ಮೂರು ಫೋಟೋ. ರಾಫ್ಟಿಂಗ್ ದೋಣಿ, ಹಳದಿ ಲೈಫ್ ಜಾಕೆಟ್, ಒಬ್ಬ ಗುಂಗುರು ಕೂದಲಿನವನು ಹಲ್ಲು ಬಿಟ್ಟುಕೊಂಡು ಹುಟ್ಟು ಎತ್ತಿ ನಿಂತಿದ್ದಾನೆ. ಹೊಸ ಕ್ಯಾಮೆರಾದಲ್ಲಿ ಇವನು ಯಾರು ಮಾರಾಯ? ಸ್ಕ್ರೀನಿನ ಫೋಟೋವನ್ನು ಫೋನಿನಲ್ಲಿ ತೆಗೆದು ಅಂಗಡಿಯವನಿಗೆ ವಾಟ್ಸಾಪ್ ಮಾಡಿದೆ. ತಕ್ಷಣ ಉತ್ತರ ಬಂತು: ‘ಅದು ಕಂಪನಿ ಡೆಮೋ ಫೋಟೋ ಸರ್. ಎಲ್ಲಾ ಪೀಸಲ್ಲೂ ಬರುತ್ತೆ.’

ನಾನು ನಂಬಿದೆ! ಜಪಾನಿನ ಕಂಪನಿಯವರು ಬನಿಯನ್ ಹಾಕಿದವನೊಬ್ಬನನ್ನು ಹೊಳೆ ದಡದಲ್ಲಿ ನಿಲ್ಲಿಸಿ, ಹೆಬ್ಬೆರಳು ಲೆನ್ಸಿಗೆ ಅಡ್ಡ ಬರುವ ಹಾಗೆ ಫೋಟೋ ತೆಗೆದು, ಎಲ್ಲಾ ಕ್ಯಾಮೆರಾಕ್ಕೂ ತುಂಬಿ ಕಳಿಸುತ್ತಾರೆ ಅಂತ ನಾನು ನಂಬಿದೆ. ಹೆಂಡತಿ ಮಾತ್ರ ‘ಏನೋ ಸರಿ ಇಲ್ಲ ರೀ’ ಅಂದಳು. ‘ನಿನಗೇನು ಗೊತ್ತು’ ಅಂದೆ. ಆ ಮಾತು ಈಗಲೂ ವಾರಕ್ಕೊಮ್ಮೆ ನನಗೆ ವಾಪಸ್ ಬರುತ್ತಿದೆ.

ಒಂದು ತಿಂಗಳು ವರಾಂಡದಿಂದ, ಕೊಡೆ ಕೆಳಗಿಂದ ಫೋಟೋ ತೆಗೆದೆ. ಫೋಟೋ ಸುಮಾರು. ಆಮೇಲೆ ಊರಿನ ಕೆಸರುಗದ್ದೆ ಕ್ರೀಡಾಕೂಟ ಬಂತು. ಬಿಡದೆ ಸುರಿಯುವ ಮಳೆ. ಎಲ್ಲರೂ ಫೋನನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡಿದ್ದಾರೆ, ನಾನೊಬ್ಬನೇ ಹಗ್ಗಜಗ್ಗಾಟದ ಹತ್ತಿರ ಗದ್ದೆಗೆ ಇಳಿದು ಫೋಟೋ ತೆಗೆಯುತ್ತಿದ್ದೇನೆ. ಏನು ಜಂಬ ಅವತ್ತು! ‘ಇದು ವಾಟರ್‌ಪ್ರೂಫು’ ಅಂತ ಎಷ್ಟು ಜನಕ್ಕೆ ಹೇಳಿದೆನೋ. ಮುಗಿದ ಮೇಲೆ ಕೆಸರು ತೊಳೆಯಲಿಕ್ಕೆ ಪಕ್ಕದ ತೋಡಿಗೆ ಇಳಿದೆ. ನೀರು ಮೊಣಕಾಲಿಗೂ ಬರುತ್ತಿರಲಿಲ್ಲ. ಹದಿನೈದು ಮೀಟರಿನ ಕ್ಯಾಮೆರಾ ಒಂದೂವರೆ ಅಡಿ ನೀರಿನಲ್ಲಿ ಅರ್ಧ ನಿಮಿಷ ಇತ್ತು. ಅಷ್ಟೇ.

ಎತ್ತಿ ನೋಡಿದರೆ ಲೆನ್ಸ್ ಗಾಜಿನ ಒಳಗಡೆ ಒಂದು ಹನಿ. ಹೊರಗಡೆ ಅಂತ ಒರೆಸಿದೆ, ಹೋಗಲಿಲ್ಲ. ಕ್ಯಾಮೆರಾ ಓರೆ ಮಾಡಿದರೆ ಹನಿಯೂ ಆ ಕಡೆಗೆ ಜಾರಿತು. ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಸ್ಕ್ರೀನಿನಲ್ಲಿ ನೇರಳೆ ಗೆರೆ ಬಂತು, ಜೂಮ್ ತಾನಾಗಿ ಒಮ್ಮೆ ಕಿರ್ ಅಂದಿತು, ಸತ್ತುಹೋಯಿತು. ಸುತ್ತ ನಿಂತವರಲ್ಲಿ ಒಬ್ಬ ‘ವಾಟರ್‌ಪ್ರೂಫ್ ಅಂದ್ರಲ್ಲ ಅಣ್ಣ’ ಅಂದ. ಈಗಲೂ ದಾರಿಯಲ್ಲಿ ಸಿಕ್ಕಿದರೆ ಅದನ್ನೇ ಕೇಳ್ತಾನೆ.

ಅಕ್ಕಿ ಡಬ್ಬಿಯಲ್ಲಿ ಇಟ್ಟೆ, ಒಲೆಯ ಪಕ್ಕ ಇಟ್ಟೆ. ಏನೂ ಆಗಲಿಲ್ಲ. ಶನಿವಾರ ಅಣ್ಣನ ಮಗ ಬಂದ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದ.

‘ಚಿಕ್ಕಪ್ಪ, ಒಟ್ಟು ಎಷ್ಟು ಫೋಟೋ ತೆಗೆದಿರಬಹುದು ನೀವು?’

‘ಒಂದು ನೂರೈವತ್ತು.’

‘ಕಾರ್ಡ್ ಹೊಸದಾ?’

‘ಅಲ್ಲೇ, ಅವತ್ತೇ ತಗೊಂಡಿದ್ದು. ಪ್ಯಾಕೆಟ್ ನಾನೇ ಹರಿದಿದ್ದು.’

‘ಮತ್ತೆ ನಿಮ್ಮ ಮೊದಲನೇ ಫೋಟೋ ನಂಬರ್ 3826 ಯಾಕಿದೆ?’

ನಾನು ಮಾತಾಡಲಿಲ್ಲ. ಹೊಸ ಕ್ಯಾಮೆರಾಕ್ಕೆ ಹೊಸ ಕಾರ್ಡ್ ಹಾಕಿದರೆ ಲೆಕ್ಕ ಒಂದರಿಂದ ಶುರುವಾಗಬೇಕು. ನನಗಿಂತ ಮುಂಚೆ ಯಾರೋ 3,825 ಫೋಟೋ ತೆಗೆದಿದ್ದಾರೆ. ಹುಟ್ಟು ಹಿಡಿದವನು ಆಗ ನೆನಪಾದ. ಕಂಪನಿ ಡೆಮೋ! ಬ್ಯಾಟರಿ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿದೆವು. ಸುತ್ತಲಿನ ರಬ್ಬರ್ ಸೀಲ್ ಒಂದು ಮೂಲೆಯಲ್ಲಿ ಬಿರುಕು ಬಿಟ್ಟಿತ್ತು. ಅದರ ಅಡಿಯಲ್ಲಿ ಒಂದು ಗುಂಗುರು ಕೂದಲು ಅಂಟಿಕೊಂಡಿತ್ತು. ನನ್ನದಲ್ಲ. ನನ್ನ ತಲೆ ನೋಡಿದವರಿಗೆ ಗೊತ್ತು. ಈ ಕ್ಯಾಮೆರಾಗಳಲ್ಲಿ ಬಾಗಿಲಿನ ಕಡೆಯಿಂದ ಬರುವ ನೀರನ್ನು ತಡೆಯುವುದು ಆ ಸಪೂರ ರಬ್ಬರ್ ಒಂದೇ. ಅದರ ಮೇಲೆ ಒಂದು ಕೂದಲು, ಒಂದು ಮರಳು ಕಣ ಇದ್ದರೆ ಸಾಕು, ನೀರಿಗೆ ದಾರಿ. ವರ್ಷಕ್ಕೊಮ್ಮೆ ಸೀಲ್ ಬದಲಿಸಬೇಕು ಅಂತ ಕಂಪನಿಯವರೇ ಹೇಳುತ್ತಾರೆ. ನಾನು ಇದನ್ನು ಓದಿದ್ದು ಎಲ್ಲ ಮುಗಿದ ಮೇಲೆ.

ಸೋಮವಾರ ಅಂಗಡಿಗೆ ಹೋದೆ. ಮೊದಲ ಮಾತು: ‘ಲಾಕ್ ಸರಿಯಾಗಿ ಹಾಕಿರಲ್ಲ ನೀವು.’ ಹಾಕಿದ್ದೆ ಅಂದೆ. ಆಮೇಲೆ ಅವನು ಹೇಳಿದ್ದನ್ನು ಹಾಗ್ಹಾಗೇ ಬರೆಯುತ್ತೇನೆ: ‘ಸರ್, ವಾಟರ್‌ಪ್ರೂಫ್ ಅಂದ್ರೆ ನೀರಿಗೆ ಹಾಕ್ಬೇಕು ಅಂತ ಅಲ್ಲ. ಅಕಸ್ಮಾತ್ ಹನಿ ಬಿದ್ರೆ ತೊಂದರೆ ಇಲ್ಲ ಅಂತ.’

‘ನೀವು ಬಕೆಟ್‌ಗೆ ಹಾಕಿ ತೋರಿಸಿದ್ರಲ್ಲ?’

‘ಅದು ಡೆಮೋ ಸರ್.’

ಅದು ಡೆಮೋ ಸರ್! ಬಕೆಟ್ ಅಲ್ಲೇ ಇತ್ತು, ನನ್ನ ಕಾಲಿಗೆ ತಾಗುತ್ತಿತ್ತು. ಒದೆಯಬೇಕು ಅನ್ನಿಸಿತು, ಒದೆಯಲಿಲ್ಲ. ಫೋಟೋ ನಂಬರ್ ತೋರಿಸಿದೆ. ‘ಫ್ಯಾಕ್ಟರಿಯಲ್ಲಿ ಟೆಸ್ಟ್ ಮಾಡಿರ್ತಾರೆ’ ಅಂದ. ಮೂರು ಸಾವಿರದ ಎಂಟುನೂರು ಸಲವಾ? ‘ಬಿಲ್ ತನ್ನಿ ಸರ್, ನೋಡೋಣ’ ಅಂದ. ಬಿಲ್ ಬೇಡ ಅಂತ ಹೇಳಿಸಿದವನೇ ಬಿಲ್ ಕೇಳ್ತಾನೆ. ಪಕ್ಕದಲ್ಲಿ ಇನ್ನಿಬ್ಬರು ಗಿರಾಕಿಗಳು ನಿಂತಿದ್ದರು, ನನಗೆ ಮುಖ ಎತ್ತಲಿಕ್ಕೆ ಆಗಲಿಲ್ಲ.

ಬೆಂಗಳೂರಿನ ಸರ್ವೀಸ್ ಸೆಂಟರಿಗೆ ಅಣ್ಣನ ಮಗ ಕೊಟ್ಟ. ಅವರು ಎರಡು ವಿಷಯ ಹೇಳಿದರು. ಈ ಸೀರಿಯಲ್ ನಂಬರ್ ಇಲ್ಲಿ ಮಾರಲಿಕ್ಕೆ ಬಂದದ್ದಲ್ಲ, ಹೊರಗಿನಿಂದ ತಂದದ್ದು, ಹಾಗಾಗಿ ಭಾರತದ ವಾರಂಟಿ ಇಲ್ಲ. ಎರಡನೆಯದು, ಬ್ಯಾಟರಿ ಪಿನ್ನುಗಳಿಗೆ ಉಪ್ಪುನೀರಿನ ತುಕ್ಕು ಹಿಡಿದಿದೆ. ಉಪ್ಪು! ನಮ್ಮ ತೋಡಿನಲ್ಲಿ ಉಪ್ಪು ಎಲ್ಲಿಂದ ಬಂತು? ಅದು ಹೋಗಿ ಕಾವೇರಿ ಸೇರುವ ನೀರು ಸ್ವಾಮಿ, ಸಮುದ್ರ ಅಲ್ಲ. ಇದನ್ನು ಅಂಗಡಿಯವನಿಗೆ ಕಳಿಸಿದೆ. ಒಂದು ದಿನ ಬಿಟ್ಟು ಉತ್ತರ ಬಂತು: ‘ಕೈ ಬೆವರು ಇರಬಹುದು ಸರ್.’ ಕಕ್ಕಡದ ಚಳಿಯಲ್ಲಿ ಬೆವರು! ಅದಾದ ಮೇಲೆ ನಾನು ಕಳಿಸಿದ್ದಕ್ಕೆಲ್ಲ ನೀಲಿ ಟಿಕ್ ಮಾತ್ರ.

ತೆಗೆದುಕೊಳ್ಳುವವರಿಗೆ ನನ್ನ ಮಾತು ಇಷ್ಟೇ. ಡಬ್ಬಿ ನಿಮ್ಮ ಎದುರಿಗೇ ಒಡೆಯಲಿ. ಕ್ಯಾಮೆರಾ ಮೇಲಿನ ನಂಬರ್, ಡಬ್ಬಿ ಮೇಲಿನ ನಂಬರ್, ಬಿಲ್ಲಿನ ನಂಬರ್ ಮೂರೂ ಒಂದೇ ಇರಬೇಕು. ಅಲ್ಲೇ ಹೊಸ ಕಾರ್ಡ್ ಹಾಕಿ ಒಂದು ಫೋಟೋ ತೆಗೆದು ಅದರ ನಂಬರ್ ನೋಡಿ, ಬಾಗಿಲು ತೆಗೆದು ರಬ್ಬರ್ ನೋಡಿ. ಬಕೆಟ್ ತೋರಿಸಿದರೆ ‘ನನ್ನದನ್ನು ಹಾಕಿ ತೋರಿಸಿ’ ಅನ್ನಿ. ಬಿಲ್ ಇಲ್ಲದೆ ಕಮ್ಮಿ ಮಾಡ್ತೀನಿ ಅನ್ನುವವನ ಅಂಗಡಿಯಿಂದ ಚಪ್ಪಲಿ ಹಾಕಿಕೊಂಡು ಹೊರಗೆ ಬನ್ನಿ. ಇನ್ನು ಯಾವುದು ತಗೊಳ್ಳಬೇಕು ಅಂತ ಕೇಳಿದರೆ, ಹೊಳೆಗೆ, ರಾಫ್ಟಿಂಗಿಗೆ, ಮಕ್ಕಳ ಕೈಗೆ ಕೊಡಲಿಕ್ಕೆ ಆದರೆ ಗಟ್ಟಿ ಕ್ಯಾಮೆರಾ. ಹಕ್ಕಿ, ರೂಮು, ಮನೆಯವರ ಮುಖ ಇದಕ್ಕೆಲ್ಲ ಡಿಎಸ್‌ಎಲ್‌ಆರ್, ಜೊತೆಗೆ ಕವರು, ಸಿಲಿಕಾ ಜೆಲ್ಲು. ನನಗೆ ಬೇಕಾಗಿದ್ದು ಎರಡನೆಯದು. ಚೀಟಿಯಲ್ಲಿ ಬರೆದುಕೊಂಡೂ ಹೋಗಿದ್ದೆ.

1915ಕ್ಕೆ ಫೋನ್ ಮಾಡಿ ಗ್ರಾಹಕ ಸಹಾಯವಾಣಿಯಲ್ಲಿ ದೂರು ಬರೆಸಿದ್ದೇನೆ. ಅಲ್ಲಿ ಆಗದಿದ್ದರೆ ಮಡಿಕೇರಿಯ ಗ್ರಾಹಕರ ಆಯೋಗಕ್ಕೆ ಹೋಗುವುದೇ. ಐದು ಲಕ್ಷದ ತನಕ ಫೀಸ್ ಇಲ್ಲ, ಎರಡು ವರ್ಷದ ಒಳಗೆ ಹಾಕಬೇಕು. ಹಳದಿ ಚೀಟಿ, ಹತ್ತು ಸಾವಿರದ ಸ್ಕ್ರೀನ್‌ಶಾಟ್, ‘ಕಂಪನಿ ಡೆಮೋ ಫೋಟೋ ಸರ್’ ಅನ್ನುವ ಆ ಮೆಸೇಜ್, ನನ್ನ ಹತ್ತಿರ ಇರುವುದು ಇಷ್ಟೇ. ಮೊನ್ನೆ ಕೈಲ್‌ಪೊಳ್ದ್ ದಿನ ಅದೇ ನಂಬರಿನಿಂದ ಹಬ್ಬದ ಶುಭಾಶಯ ಬಂತು, ಕೆಳಗೆ ಕ್ಯಾಮೆರಾ ಆಫರ್. ಎಲ್ಲರಿಗೂ ಒಟ್ಟಿಗೆ ಕಳಿಸಿದ್ದಿರಬೇಕು.

ಇನ್ನೊಂದು. ಆ ಫೋಟೋದಲ್ಲಿರುವ ಗುಂಗುರು ಕೂದಲಿನವರೇ, ನೀವು ಇದನ್ನು ಓದುತ್ತಿದ್ದರೆ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಹಸಿರು ಬನಿಯನ್, ಎಡಗೈಯಲ್ಲಿ ಕಪ್ಪು ದಾರ, ಹಿಂದೆ ನೀಲಿ ಜೀಪು. ಈ ಕ್ಯಾಮೆರಾವನ್ನು ಆ ಅಂಗಡಿಗೆ ಯಾವಾಗ ಕೊಟ್ಟಿರಿ, ಎಷ್ಟಕ್ಕೆ ಕೊಟ್ಟಿರಿ ಅಂತ ಎರಡು ಸಾಲು ಬರೆದು ತಿಳಿಸಿ. ನಿಮ್ಮ ಮೂರು ಫೋಟೋ ನನ್ನ ಫೋನಿನಲ್ಲಿ ಇವೆ, ಬೇಕಾದರೆ ಕಳಿಸಿಕೊಡ್ತೇನೆ.