ಪರಿಸರ ಅಧ್ಯಯನವೋ, ಪರಿಸರ ವಿಜ್ಞಾನವೋ?

ಹೆಸರು ಕೇಳಿದರೆ ಎರಡೂ ಒಂದೇ ಅನಿಸುತ್ತದೆ. ಅರ್ಜಿ ಹಾಕಲು ಕೂತಾಗಲೇ ವ್ಯತ್ಯಾಸ ಗೊತ್ತಾಗುವುದು.

ಪರಿಸರ ವಿಜ್ಞಾನದ ಸ್ನಾತಕೋತ್ತರಕ್ಕೆ ಸಾಮಾನ್ಯವಾಗಿ ವಿಜ್ಞಾನ ಅಥವಾ ಎಂಜಿನಿಯರಿಂಗ್ ಪದವಿಯೇ ಬೇಕು. ರಸಾಯನಶಾಸ್ತ್ರ, ಜೀವಶಾಸ್ತ್ರ, ಗಣಿತ ಓದಿದ್ದೀರಾ ಎಂದು ಅಂಕಪಟ್ಟಿ ತೆಗೆದು ನೋಡುತ್ತಾರೆ. ಅಧ್ಯಯನದ ಕಡೆ ಬಾಗಿಲು ಅಗಲ. ಇತಿಹಾಸ, ಅರ್ಥಶಾಸ್ತ್ರ, ಕಾನೂನು ಓದಿದವರನ್ನೂ ಎಷ್ಟೋ ಕಡೆ ಸೇರಿಸಿಕೊಳ್ಳುತ್ತಾರೆ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಇಲ್ಲಿ ನಿಮ್ಮ ಉದ್ದೇಶ ಪತ್ರಕ್ಕೆ ತೂಕ ಜಾಸ್ತಿ. 'ನನಗೆ ಪ್ರಕೃತಿ ಇಷ್ಟ' ಎಂದು ಬರೆದರೆ ಸಾಲದು. ನೀರಿನ ಹಂಚಿಕೆಯೋ, ಕಾಡಿನ ಹಕ್ಕೋ, ನಗರದ ಕಸವೋ, ಒಂದು ಪ್ರಶ್ನೆ ಹಿಡಿದು ಬರೆಯಿರಿ. ಶಿಫಾರಸು ಪತ್ರಗಳನ್ನು ಎರಡೂ ಕಡೆ ಕೇಳಬಹುದು.

ಸೇರಿದ ಮೇಲಿನ ಕೆಲಸವೂ ಬೇರೆ. ಒಂದರಲ್ಲಿ ಲ್ಯಾಬ್, ಮಾದರಿ ಸಂಗ್ರಹ. ಇನ್ನೊಂದರಲ್ಲಿ ನೀತಿ, ಸಂದರ್ಶನ, ರಾಶಿ ರಾಶಿ ಓದು. ಅಂಕಿಅಂಶ ಮತ್ತು ಜಿಐಎಸ್ (ಸ್ಥಳದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಜೋಡಿಸುವ) ನಕ್ಷೆಯಿಂದ ಮಾತ್ರ ಎಲ್ಲೂ ಪೂರ್ತಿ ತಪ್ಪಿಸಿಕೊಳ್ಳುವುದು ಕಷ್ಟ!

ಸಂಶೋಧನಾ ಪ್ರಬಂಧ (ಥೀಸಿಸ್) ಕಡ್ಡಾಯವೇ ಎಂದು ಮೊದಲೇ ಕೇಳಿ. ಯುರೋಪಿನ 120 ಕ್ರೆಡಿಟ್‌ಗಳ ಎರಡು ವರ್ಷದ ಕೋರ್ಸಿನಲ್ಲಿ ಪ್ರಬಂಧಕ್ಕೇ 30 ಕ್ರೆಡಿಟ್ ಹೋಗುವುದು ಮಾಮೂಲು. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆ ಕೆಲಸ, ಅಂದರೆ ಪ್ರಬಂಧಕ್ಕೇ ಒಟ್ಟು 750 ಗಂಟೆಗೆ ಕಡಿಮೆ ಇಲ್ಲ.

ಪಿಎಚ್‌ಡಿ ಆಸೆ ಇದ್ದರೆ ಪ್ರಬಂಧ ಇರುವುದನ್ನೇ ಆರಿಸಿ. ಬೇಗ ಕೆಲಸಕ್ಕೆ ಸೇರಬೇಕಿದ್ದರೆ ಇಂಟರ್ನ್‌ಶಿಪ್ ಇರುವ ಕೋರ್ಸ್ ವಾಸಿ. ಇವೆರಡರಲ್ಲಿ ಯಾವುದೂ ಇಲ್ಲದ ಕೋರ್ಸನ್ನು ನಾನಂತೂ ಆರಿಸುವುದಿಲ್ಲ.