ಬಳೆಗೆ ಅಂತ ಎತ್ತಿದ ಚೀಟಿ, ಮನೆಗೆ ಬಂದ ನ್ಯಾನೋ: ಆರು ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ನಾನು ಕಾರು ತಗೊಳ್ಳೋಕೆ ಹೋಗಿರಲಿಲ್ಲ. ಬಳೆ ತಗೊಳ್ಳೋಕೆ ಹೋಗಿದ್ದೆ.

2019ರ ಜೂನ್. ಸ್ಟಾಫ್‌ರೂಮಿನಲ್ಲಿ ನಾವು ಒಂದಷ್ಟು ಜನ ಹಾಕುತ್ತಿದ್ದ ಚೀಟಿ ಆ ತಿಂಗಳು ನನ್ನ ಪಾಲಿಗೆ ಬಂದಿತ್ತು. ಕೈಗೆ ಸಿಕ್ಕಿದ್ದು 91 ಸಾವಿರ. ನಮ್ಮ ಹಿಂದಿ ಟೀಚರನ್ನು ಜೊತೆಗೆ ಕರೆದುಕೊಂಡು ಮಂಡ್ಯದಲ್ಲಿ ರೈಲು ಹತ್ತಿ ಮೈಸೂರಿನ ಅಶೋಕ ರಸ್ತೆಗೆ ಹೋದೆ. ಬಳೆ ಒಪ್ಪಿಗೆಯಾಯಿತು. ಅಂಗಡಿಯವರು ಹೇಳಿದ ವೇಸ್ಟೇಜ್ ಒಪ್ಪಿಗೆಯಾಗಲಿಲ್ಲ. ಮುಕ್ಕಾಲು ಗಂಟೆ ಚೌಕಾಸಿ ಮಾಡಿದೆ. ಅವರು ಕೊಟ್ಟ ಬಾದಾಮಿ ಹಾಲನ್ನೂ ಕುಡಿದೆ. ಆಮೇಲೆ ಎದ್ದು ಬಂದೆ.

ಸಿಟ್ಟಿನಲ್ಲಿ ನಡೆದುಕೊಂಡೇ ಹೊರಟೆವು. ಒಂದು ಅಡ್ಡರಸ್ತೆಯಲ್ಲಿ ಹೊಂಗೆ ಮರದ ಕೆಳಗೆ ಹಳದಿ ನ್ಯಾನೋ ನಿಂತಿತ್ತು. ಮೈಮೇಲೆಲ್ಲ ಹಕ್ಕಿ ಹಿಕ್ಕೆ. ಮುಂದಿನ ಗಾಜಿಗೆ ಒಂದು ಹಾಳೆ ಅಂಟಿಸಿ ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ‘ಮಾರಟಕ್ಕಿದೆ’ ಅಂತ ಬರೆದಿದ್ದರು. ನಾನು ಕನ್ನಡ ಪಾಠ ಮಾಡುವವಳು. ದೀರ್ಘ ಬಿಟ್ಟಿದ್ದು ಕಂಡಿದ್ದಕ್ಕೇ ಕಾಲು ನಿಂತಿತು. ಬರೆದದ್ದು ಸರಿಯಾಗಿದ್ದಿದ್ದರೆ ಇವತ್ತು ಈ ವಿಮರ್ಶೆ ಇರುತ್ತಿರಲಿಲ್ಲ.

ಗೇಟಿನೊಳಗಿಂದ ಒಬ್ಬರು ಬಂದರು. 78 ಸಾವಿರ ಅಂದರು. 72ಕ್ಕೆ ಇಳಿಸಿದೆ. ಬಳೆ ಅಂಗಡಿಯಲ್ಲಿ ಸೋತಿದ್ದನ್ನು ಇಲ್ಲಿ ಗೆದ್ದೆ ಅನ್ನೋ ಹುಮ್ಮಸ್ಸು. ಎಲ್ಲ ಸೇರಿ 20 ನಿಮಿಷ. ಬಾನೆಟ್ ಎತ್ತಿ ನೋಡಲಿಲ್ಲ, ಟೈರ್ ನೋಡಲಿಲ್ಲ, ಇನ್ಶೂರೆನ್ಸ್ ಕಾಗದ ಕೇಳಲಿಲ್ಲ. ಅಷ್ಟೇ ಯಾಕೆ, ನನಗೆ ಕಾರು ಓಡಿಸೋಕೇ ಬರುತ್ತಿರಲಿಲ್ಲ. ಅವರ ಅಣ್ಣನ ಮಗ ಓಡಿಸಿಕೊಂಡು ಬಂದ. ನಾನು, ಹಿಂದಿ ಟೀಚರ್ ಹಿಂದಿನ ಸೀಟಿನಲ್ಲಿ ದಿಬ್ಬಣದವರ ಹಾಗೆ ಕೂತು ಮಂಡ್ಯಕ್ಕೆ ಬಂದಿಳಿದೆವು. ನಮ್ಮನೆಯವರು ಗೇಟಿನ ಹತ್ತಿರವೇ ನಿಂತಿದ್ದರು.

“ಬಳೆ ಎಲ್ಲಿ?”

“ಅಲ್ಲೇ ನಿಂತಿದೆಯಲ್ಲ.”

ಆ ರಾತ್ರಿ ನಮ್ಮಿಬ್ಬರ ನಡುವೆ ಜಾಸ್ತಿ ಮಾತಾಗಲಿಲ್ಲ.

ನ್ಯಾನೋ ಜಾತಕ ಎಲ್ಲರಿಗೂ ಗೊತ್ತಿರುವುದೇ. 2008ರಲ್ಲಿ ದೆಹಲಿಯಲ್ಲಿ ಮೊದಲ ಸಲ ತೋರಿಸಿದ್ದು, ಒಂದು ಲಕ್ಷದ ಕಾರು ಅಂತ ಹೆಸರಾಗಿದ್ದು, ಪಶ್ಚಿಮ ಬಂಗಾಳದ ಸಿಂಗೂರಿನಲ್ಲಿ ಕಾರ್ಖಾನೆ ಜಮೀನಿಗಾಗಿ ಆದ ಜಗಳ, ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಗಿದ್ದು. ನಾನು ತಗೊಳ್ಳುವ ಹೊತ್ತಿಗೆ ಹೊಸ ನ್ಯಾನೋ ಮಾಡುವುದನ್ನೇ ನಿಲ್ಲಿಸಿದ್ದರು. ನನ್ನದು 2011ರ ಗಾಡಿ, ಪವರ್ ಸ್ಟೇರಿಂಗ್ ಇಲ್ಲದ್ದು. ಸಿಸಿ, ಪವರ್ ಎಲ್ಲ ನೀವೇ ನೋಡಿಕೊಳ್ಳಿ. ನಾನು ಹೇಳಬೇಕಾಗಿರೋದು ಬೇರೆ.

ಮೊದಲು ಪೆಟ್ರೋಲ್ ಬಂಕಿನ ಕತೆ. ಹೊಸ ಹುಡುಗ ಇದ್ದರಂತೂ ನನಗೆ ಹಬ್ಬ. ಪೈಪ್ ಹಿಡಿದುಕೊಂಡು ಎಡಗಡೆ ನೋಡುತ್ತಾನೆ. ಬಲಗಡೆ ನೋಡುತ್ತಾನೆ. ಹಿಂದೆ ಒಂದು ಸುತ್ತು ಹೋಗಿ ಬರುತ್ತಾನೆ. ಮುಚ್ಚಳವೇ ಇಲ್ಲ! ಆಮೇಲೆ ನಾನು ನಿಧಾನವಾಗಿ ಇಳಿದು ಮುಂದಿನ ಬಾನೆಟ್ ಎತ್ತುತ್ತೇನೆ. ಸ್ಟೆಪ್ನಿ ಇರುವುದೂ ಅಲ್ಲೇ, ಪೆಟ್ರೋಲ್ ಮುಚ್ಚಳ ಇರುವುದೂ ಅಲ್ಲೇ. ಬಾನೆಟ್ ಎತ್ತಿ ನಿಂತ ಹೆಂಗಸನ್ನು ಕಂಡರೆ ಬಂಕಿನಲ್ಲಿರುವ ಗಂಡಸರಿಗೆಲ್ಲ ಕರುಣೆ ಉಕ್ಕಿ ಬರುತ್ತದೆ. “ಏನಾಯ್ತಕ್ಕಾ, ಹೀಟಾಯ್ತಾ?” ಅಂತ ಒಬ್ಬರು ನೀರಿನ ಬಾಟಲಿ ಹಿಡಿದು ಓಡಿಬಂದಿದ್ದರು. “ಇಂಜಿನ್ ಹಿಂದೆ ಇದೆ ಅಣ್ಣಾ” ಅಂದೆ. ಅವರು ನಂಬಲಿಲ್ಲ. ಬಗ್ಗಿ ನೋಡಿದರು. ಆಮೇಲೆ ಇನ್ನಿಬ್ಬರನ್ನು ಕರೆದು ಅವರೇ ವಿವರಿಸಿದರು. ಟ್ಯಾಂಕ್ 15 ಲೀಟರಿನದು. ಸಾವಿರ ರೂಪಾಯಿ ಹಾಕಿಸಿದರೆ ಅರ್ಧ ದಾಟುತ್ತದೆ. ಸಂಬಳದ ಹಿಂದಿನ ವಾರವೂ ಸಾಹುಕಾರ್ತಿ ಅನ್ನಿಸುತ್ತದೆ. ಹಳೇ ಹಾಜರಿ ಪುಸ್ತಕದಲ್ಲಿ ಲೆಕ್ಕ ಬರೆದಿಟ್ಟಿದ್ದೇನೆ, ಲೀಟರಿಗೆ 19 ಕಿ.ಮೀ. ಹತ್ತಿರ ಬರುತ್ತಿದೆ.

ಈಗ ನಿಜವಾದ ವಿಷಯ. ನಮ್ಮ ಅತ್ತೆ.

ಅತ್ತೆಗೆ 74. ಎರಡೂ ಮಂಡಿ ಹೋಗಿವೆ. ಆಟೋ ಹತ್ತಬೇಕಾದರೆ ಒಬ್ಬರು ಮೇಲಿಂದ ಎಳೀಬೇಕು, ಒಬ್ಬರು ಕೆಳಗಿಂದ ನೂಕಬೇಕು. ನಾದಿನಿಯ ಮನೆಯಲ್ಲಿ ಉದ್ದನೆಯ ದೊಡ್ಡ ಕಾರಿದೆ. ಅದರಲ್ಲಿ ಕೂರೋದು ಅಂದರೆ ಅತ್ತೆಗೆ ಬಾವಿಗೆ ಇಳಿದ ಹಾಗೆ. ಇಳಿದವರನ್ನು ಮತ್ತೆ ಎತ್ತಬೇಕು. ಹಾಗಾಗಿ ಮದುವೆ, ಗೃಹಪ್ರವೇಶ, ತಿಥಿ ಯಾವುದಕ್ಕೂ ಹೋಗುವುದನ್ನು ಬಿಟ್ಟೇಬಿಟ್ಟಿದ್ದರು. “ನಾ ಬರಕಿಲ್ಲ, ನೀವ್ ಓಗ್ಬನ್ನಿ” ಅನ್ನುತ್ತಿದ್ದರು. ಜನರ ಮೇಲೆ ಆಸೆ ಇಲ್ಲ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಕಾರು ಬಂದ ಮೂರನೇ ದಿನ ನಾನು ಸುಮ್ನೆ ಬಾಗಿಲು ತೆಗೆದು ಒರೆಸುತ್ತಿದ್ದೆ. ಅತ್ತೆ ಕೋಲೂರಿಕೊಂಡು ಬಂದವರು ಬೆನ್ನು ತಿರುಗಿಸಿ ಸೀಟಿನ ಮೇಲೆ ಕೂತೇಬಿಟ್ಟರು, ಮನೆಯ ಜಗಲಿ ಮೇಲೆ ಕೂತ ಹಾಗೆ. ಒಂದೊಂದಾಗಿ ಕಾಲು ಒಳಗಿಟ್ಟರು. ಯಾರೂ ಹಿಡಿಯಲಿಲ್ಲ. ನ್ಯಾನೋ ಸೀಟು ಅವರ ಸೊಂಟದ ಎತ್ತರಕ್ಕೆ ಸರಿಯಾಗಿದೆ, ಛಾವಣಿ ಎತ್ತರ, ತಲೆ ತಗ್ಗಿಸಬೇಕಿಲ್ಲ. ಇದನ್ನು ಯಾವ ಜಾಹೀರಾತಿನಲ್ಲಿ ಹೇಳಿದ್ದರೋ ಇಲ್ಲವೋ, ನಾನಂತೂ ಓದಿ ತಗೊಂಡಿದ್ದಲ್ಲ. ಕುರುಡು ಕಲ್ಲು ತಗುಲಿ ಮಾವಿನಕಾಯಿ ಬಿತ್ತು, ಅಷ್ಟೇ.

ಡ್ಯಾಶ್‌ಬೋರ್ಡಿನಲ್ಲಿ ಮುಚ್ಚಳವಿಲ್ಲದ ಗೂಡು ಇದೆ. ಅಲ್ಲಿ ಅವರ ಎಲೆಅಡಿಕೆ ಚೀಲ. ಆ ಜಾಗದಲ್ಲಿ ಬೇರೆ ಯಾರೂ ಏನೂ ಇಡುವ ಹಾಗಿಲ್ಲ. ಸ್ಪೀಡ್ ಮೀಟರ್ ಇರುವುದು ಓಡಿಸುವವರ ಮುಂದೆ ಅಲ್ಲ, ನಡುವೆ. ಅಂದರೆ ಅದು ನನಗಿಂತ ಚೆನ್ನಾಗಿ ಅತ್ತೆಗೆ ಕಾಣುತ್ತದೆ. ಅವರಿಗೆ ಅಕ್ಷರ ಬರುವುದಿಲ್ಲ, ಅಂಕಿ ಬರುತ್ತದೆ. ಹಾಲಿನ ಲೆಕ್ಕ ಬರೆಸಿದವರು. “ನಲವತ್ತಾಯ್ತು ಕಣವ್ವಾ.” ಸ್ವಲ್ಪ ಹೊತ್ತು ಬಿಟ್ಟು, “ಐವತ್ತಕ್ಕೆ ಓಯ್ತಾ ಅದೆ.” ಐವತ್ತು ದಾಟಿದರೆ ಚೀಲಕ್ಕೆ ಕೈ ಹೋಗುತ್ತದೆ. ಅದು ನನಗೆ ಎಚ್ಚರಿಕೆ ಗಂಟೆ. ಎಕ್ಸ್‌ಪ್ರೆಸ್‌ವೇ ಬಂದ ಮೇಲೂ ಮೈಸೂರಿಗೆ ನಾವು ಹೋಗೋದು ಸರ್ವಿಸ್ ರಸ್ತೆಯಲ್ಲೇ. ಟೋಲ್ ಉಳಿಯುತ್ತದೆ ಅನ್ನೋದು ನಾನು ಬೇರೆಯವರಿಗೆ ಹೇಳುವ ಕಾರಣ.

ಕಲಿತ ಕತೆ ಬೇಗ ಮುಗಿಸುತ್ತೇನೆ. 44ನೇ ವಯಸ್ಸಿನಲ್ಲಿ ಎಲ್ ಬೋರ್ಡು. ನನ್ನ ಶಾಲೆಗೆ 11 ಕಿ.ಮೀ., ಅದರಲ್ಲಿ ಒಂದಷ್ಟು ದೂರ ವಿ.ಸಿ. ನಾಲೆ ಪಕ್ಕದಲ್ಲೇ ರಸ್ತೆ. 2018ರ ನವೆಂಬರ್‌ನಲ್ಲಿ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರಲ್ಲ, ಅದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ತಡೆಗೋಡೆ ಇಲ್ಲದ ಕಡೆ ಬಂದರೆ ನನ್ನ ಅಂಗೈ ಬೆವರಿ ಸ್ಟೇರಿಂಗ್ ಜಾರುತ್ತಿತ್ತು. ಕಲಿಸುವ ಮೇಷ್ಟ್ರು ಒಂದೇ ಮಾತು ಹೇಳುತ್ತಿದ್ದರು: “ನಿಂತಲ್ಲೇ ತಿರುಗಿಸಬೇಡಿ ಮೇಡಂ, ಒಂಚೂರು ಉರುಳಲಿ.” ಅದೊಂದು ಗೊತ್ತಾದ ಮೇಲೆ ಸ್ಟೇರಿಂಗ್ ಭಾರ ಅನ್ನಿಸಲೇ ಇಲ್ಲ. ಮೇಲುಕೋಟೆ ಬೆಟ್ಟಕ್ಕೂ ಹೋಗಿ ಬಂದಿದ್ದೇವೆ, ನಾಲ್ಕು ಜನ, ಎರಡನೇ ಗೇರಿನಲ್ಲಿ. ನಾಮ ಹಾಕಿಕೊಂಡ ಒಬ್ಬರು ಅಜ್ಜ ನಡೆದುಕೊಂಡೇ ಸುಮಾರು ದೂರ ನಮ್ಮ ಜೊತೆಗೇ ಇದ್ದರು ಅಂತ ನಮ್ಮನೆಯವರು ಹೇಳುತ್ತಾರೆ. ನಂಬಬೇಡಿ.

2021ರ ಮಾರ್ಚ್‌ನಲ್ಲಿ 60 ದಾಟಿದವರಿಗೆ ಲಸಿಕೆ ಶುರುವಾದಾಗ ಅತ್ತೆಯನ್ನೂ, ಬೀದಿಯ ಇನ್ನೂ ಐದಾರು ಅಜ್ಜಿಯರನ್ನೂ ಎರಡೆರಡು ಟ್ರಿಪ್ಪಿನಲ್ಲಿ ಕರೆದುಕೊಂಡು ಹೋಗಿದ್ದು ಇದೇ ಗಾಡಿ. ಅಲ್ಲಿಯವರೆಗೆ ನಾನು ಇದನ್ನು ಹೊಗಳುವುದರಲ್ಲಿ ಸುಸ್ತಾಗುತ್ತಿರಲಿಲ್ಲ.

ಆಮೇಲೆ ಇಲಿ ಬಂತು.

ನಮ್ಮ ಮನೆ ಊರಾಚೆ ಬಡಾವಣೆಯಲ್ಲಿದೆ. ಕಾಂಪೌಂಡಿನ ಆಚೆಗೆ ಕಬ್ಬಿನ ಗದ್ದೆ. ಕಬ್ಬು ನಿಂತಿರುವವರೆಗೆ ಇಲಿಗಳು ಅಲ್ಲೇ ಸುಖವಾಗಿರುತ್ತವೆ. ಕಡಿದು, ಲಾರಿಗೆ ತುಂಬಿ, ತರಗಿಗೆ ಬೆಂಕಿ ಹಾಕಿದ ದಿನ ಅಷ್ಟೂ ಇಲಿಗಳಿಗೆ ಮನೆ ಬೇಕು. ನಮ್ಮ ಗಾಡಿಯ ಇಂಜಿನ್ ಬೆಚ್ಚಗಿರುತ್ತದೆ. 2022ರ ಜನವರಿ, ಬೆಳಿಗ್ಗೆ ಏಳೂವರೆ. ಕೀಲಿ ತಿರುಗಿಸಿದರೆ ಟಿಕ್ ಅಂತ ಒಂದು ಸದ್ದು. ಅಷ್ಟೇ.

ಮೆಕ್ಯಾನಿಕ್ ಬಂದು ಹಿಂದಿನ ಸೀಟು ಮಡಚಿ, ಇಂಜಿನ್ ಮೇಲಿನ ಹಲಗೆ ತೆಗೆದ. ಇದಕ್ಕೆ ಹಿಂದಿನಿಂದ ತೆರೆಯುವ ಡಿಕ್ಕಿ ಇಲ್ಲ, ಏನಿದ್ದರೂ ಒಳಗಿಂದಲೇ. “ಅಕ್ಕಾ, ಬಂದ್ ನೋಡಿ” ಅಂದ. ವೈರಿನ ಮೇಲೆ ದುಂಡಗೆ ಗೂಡು ಕಟ್ಟಿತ್ತು. ಒಣಗಿದ ಕಬ್ಬಿನ ಸೋಗೆ, ಹತ್ತಿ, ಮತ್ತೆ ಸಣ್ಣದಾಗಿ ಕತ್ತರಿಸಿದ ಬಿಳಿ ಕಾಗದ. ಕಾಗದದ ಮೇಲೆ ಕೆಂಪು ಇಂಕು. ನನ್ನದೇ ಅಕ್ಷರ. ಹಿಂದಿನ ಸೀಟಿನಲ್ಲಿ ಮರೆತಿದ್ದ ಒಂಬತ್ತನೇ ತರಗತಿಯ ಕಿರುಪರೀಕ್ಷೆ ಕಟ್ಟು! ‘ಸಂಧಿ ಬಿಡಿಸಿ’ ಪ್ರಶ್ನೆಗೆ ನಾನು ಹಾಕಿದ್ದ ಅರ್ಧ ಅಂಕವೊಂದು ಗೂಡಿನ ಅಂಚಿನಲ್ಲಿ ಹಾಗೇ ಕಾಣುತ್ತಿತ್ತು. ಮಕ್ಕಳಿಗೆ ಏನಂತ ಹೇಳಲಿ? ಇದ್ದದ್ದು ಇದ್ದ ಹಾಗೆ ಹೇಳಿದೆ. ಅವತ್ತಿನಿಂದ ಶಾಲೆಯಲ್ಲಿ ‘ಇಲಿ ಕಾರು’ ಅನ್ನೋ ಹೆಸರು ಉಳಿಯಿತು. ಅದಕ್ಕಿಂತ ಮುಂಚೆ ‘ನಿಂಬೆಹಣ್ಣು’ ಅನ್ನುತ್ತಿದ್ದರು. ನನಗೆ ಆ ಹೆಸರೇ ಇಷ್ಟ.

ಆ ಸಲ 4,800 ರೂಪಾಯಿ. ಮೂರು ತಿಂಗಳಿಗೆ ಮತ್ತೆ, 3,200. ಇನ್ಶೂರೆನ್ಸ್ ಥರ್ಡ್ ಪಾರ್ಟಿ ಮಾತ್ರ ಮಾಡಿಸಿದ್ದರಿಂದ ಪೂರ್ತಿ ನನ್ನ ಜೇಬಿನಿಂದಲೇ. ಹೊಗೆಸೊಪ್ಪು ಕಟ್ಟಿದೆ. ಅತ್ತೆ ಅದರಲ್ಲಿ ಒಂದು ಎಸಳು ಮುರಿದುಕೊಂಡರು, ಇಲಿ ಮುಟ್ಟಲಿಲ್ಲ, ಆದರೆ ಪಕ್ಕದ ವೈರು ಕಡಿಯಿತು. ನುಸಿಗುಳಿಗೆ ಇಟ್ಟೆ. ಕಾರಿನೊಳಗೆಲ್ಲ ಹಳೇ ಟ್ರಂಕಿನ ವಾಸನೆ ಬಂದು ಅತ್ತೆ ವಾಂತಿ ಮಾಡಿಕೊಂಡರು. ಬೋನು ಇಟ್ಟೆ, ಪಕ್ಕದ ಮನೆ ಬೆಕ್ಕಿನ ಕಾಲು ಸಿಕ್ಕಿಕೊಂಡು ಆ ಮನೆಯವರು ಒಂದು ವಾರ ಮಾತು ಬಿಟ್ಟರು. ಕೊನೆಗೆ ಕೆಲಸ ಮಾಡಿದ್ದು ಎರಡೇ. ರಾತ್ರಿ ಗಾಡಿ ಕೆಳಗೆ ಒಂದು ಬಲ್ಬು. ಮತ್ತೆ ಕಬ್ಬು ಕಡಿಯುವ ತಿಂಗಳಲ್ಲಿ ಕಾಂಪೌಂಡಿನಿಂದ ದೂರ, ರಸ್ತೆ ಬದಿಯಲ್ಲಿ ನಿಲ್ಲಿಸುವುದು. ಕಬ್ಬು ಯಾವಾಗ ಕಡಿಸುತ್ತೀರಿ ಅಂತ ಗದ್ದೆಯವರನ್ನು ನನ್ನಷ್ಟು ಸಲ ಕೇಳಿದವರು ಫ್ಯಾಕ್ಟರಿಯವರೂ ಇರಲಾರರು.

ಇಲಿ ಗಾಡಿಯ ತಪ್ಪಲ್ಲ, ಗೊತ್ತು. ಆದರೆ ವರ್ಷಕ್ಕೊಮ್ಮೆ ಇಂಜಿನ್ ಹಲಗೆ ತೆಗೆಸಿ ಟಾರ್ಚ್ ಹಿಡಿದು ನೋಡುವಾಗ ಪ್ರೀತಿ ಸ್ವಲ್ಪ ಕಮ್ಮಿಯಾಗುತ್ತದೆ. 20 ನಿಮಿಷದಲ್ಲಿ ಕೊಂಡದ್ದರ ಉಳಿದ ಬಾಕಿಯೂ ಆಗ ನೆನಪಾಗುತ್ತದೆ. ಇನ್ಶೂರೆನ್ಸ್ ಮುಗಿದು ಎರಡು ವಾರವಾಗಿತ್ತು, ಮಾರಿದವರು ಹೇಳಿರಲಿಲ್ಲ. ಅಂದರೆ ಅವತ್ತು ಮೈಸೂರಿನಿಂದ ಮಂಡ್ಯಕ್ಕೆ ನಾವು ದೇವರ ಮೇಲೆ ಭಾರ ಹಾಕಿ ಬಂದಿದ್ದೆವು. ಆರ್‌ಸಿ ನನ್ನ ಹೆಸರಿಗಾಗಲು ಏಳು ತಿಂಗಳು ಹಿಡಿಯಿತು. ಇವತ್ತು ಸಹಿ, ನಾಳೆ ಸಹಿ. ಯಾರಾದರೂ ನನ್ನ ಹಾಗೆ ರಸ್ತೆ ಬದಿಯಲ್ಲಿ ಕಾರು ತಗೊಂಡರೆ ಇಷ್ಟು ಮಾಡಿ: ದುಡ್ಡು ಕೊಡುವ ಕೈಯಲ್ಲೇ ಗಾಡಿ ಹೆಸರು ಬದಲಾವಣೆಯ 29, 30ನೇ ನಮೂನೆಗೆ ಸಹಿ ಹಾಕಿಸಿಕೊಳ್ಳಿ. ನಾಲ್ಕು ಟೈರಿಗೆ 12 ಸಾವಿರ ಆಯಿತು. ಆರು ವರ್ಷದ ರಿಪೇರಿ ಎಲ್ಲ ಕೂಡಿಸಿದರೆ 58 ಸಾವಿರ ದಾಟಿದೆ.

ನಮ್ಮನೆಯವರ ಲೆಕ್ಕ ಬೇರೆ. ಅವರು ಪೇಪರಿನಲ್ಲಿ ಮೊದಲು ಓದುವುದೇ ಚಿನ್ನದ ರೇಟು. “ಅವತ್ತು ಬಳೆ ತಗೊಂಡಿದ್ರೆ ಇವತ್ತು ಮೂರು ಪಟ್ಟು ದಾಟಿರೋದು” ಅಂತಾರೆ. ನಿಜ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಂದು ಸಲ ಮಾತ್ರ ಅತ್ತೆ ಒಳಗಿಂದ ಅಂದರು, “ಬಳೆ ಮ್ಯಾಲೆ ಕೂತ್ಕಂಡು ಮೇಲುಕೋಟೆಗೆ ಓಗಕ್ಕಾಯ್ತದಾ?” ಇವರು ಪೇಪರ್ ಪುಟ ತಿರುಗಿಸಿದರು.

2026ರ ಫೆಬ್ರವರಿಗೆ ಗಾಡಿಗೆ 15 ವರ್ಷ. ಆರ್‌ಸಿ ನವೀಕರಣಕ್ಕೇ 5,000 ರೂಪಾಯಿ ಶುಲ್ಕ, ಅದಕ್ಕೆ ಮುಂಚೆ ಬ್ರೇಕು, ಸೈಲೆನ್ಸರು, ತುಕ್ಕು ಹಿಡಿದ ಜಾಗಕ್ಕೆ ಪೇಂಟು ಎಲ್ಲ ಮಾಡಿಸಬೇಕು. ಮೆಕ್ಯಾನಿಕ್ 18 ಸಾವಿರ ಅಂದಿದ್ದಾನೆ. ಗುಜರಿಗೆ ಕೊಟ್ಟರೆ ಬರುವುದು ಅದಕ್ಕಿಂತ ಸ್ವಲ್ಪ ಜಾಸ್ತಿ ಇರಬಹುದು ಅಷ್ಟೇ. ಮಾಡಿಸುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಮಂಡಿ ನೋವಿನ ಹಿರಿಯರಿಲ್ಲದಿದ್ದರೆ, ತಿಂಗಳಿಗೆ ಒಂದು ಸಲ ಬಾನೆಟ್ ಎತ್ತಿ ಜನರ ಕೈಲಿ ನಗಿಸಿಕೊಳ್ಳುವ ಮನಸ್ಸಿಲ್ಲದಿದ್ದರೆ, ಇಷ್ಟು ಹಳೇ ಗಾಡಿಗೆ ಇಷ್ಟು ದುಡ್ಡು ಹಾಕಬೇಡಿ ಅಂತಲೇ ನಾನೂ ಹೇಳುತ್ತೇನೆ.

ಈ ತಿಂಗಳ ಚೀಟಿ ಹಿಂದಿ ಟೀಚರಿಗೆ ಬಂದಿದೆ. ಭಾನುವಾರ ಅಶೋಕ ರಸ್ತೆಗೆ ಹೋಗಬೇಕು, ಜೊತೆಗೆ ಬಾ ಅಂದಿದ್ದಾರೆ. ನ್ಯಾನೋದಲ್ಲೇ ಹೋಗುತ್ತಿದ್ದೇವೆ. ವಿಷಯ ಗೊತ್ತಾದ ತಕ್ಷಣ ನಮ್ಮನೆಯವರು ತಾವೂ ಬರುತ್ತೇವೆ ಅಂದರು. ಪಾರ್ಕಿಂಗ್ ಜಾಗ ಹುಡುಕುವಾಗ ನಾನು ಯಾವ ಕಾರಿನ ಗಾಜಿನ ಮೇಲಿನ ಕಾಗುಣಿತವನ್ನೂ ತಿದ್ದಲು ಹೋಗಬಾರದು ಅನ್ನುವುದು ಅವರ ಷರತ್ತು.