ಲಿಂಕ್, ಬ್ಲಾಗ್, ಕ್ಯಾಲ್ಕುಲೇಟರ್: ನಮ್ಮ ಬೀಜದಂಗಡಿ ಸೈಟಿಗೆ ಜನರನ್ನು ಕರೆತಂದದ್ದು ಯಾವುದು?

ಸೈಟ್ ಮಾಡಿಸಿದವರೆಲ್ಲ ಕೆಲವೇ ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ: ಜನ ಯಾಕೆ ಬರ್ತಿಲ್ಲ? ಉತ್ತರ ಹೇಳುವವರಿಗೇನೂ ಬರವಿಲ್ಲ. ಒಬ್ಬರು ಬ್ಯಾಕ್‌ಲಿಂಕ್ (ಬೇರೆ ಸೈಟುಗಳಿಂದ ನಮ್ಮ ಸೈಟಿಗೆ ಲಿಂಕ್) ಹಾಕಿಸಿ ಅನ್ನುತ್ತಾರೆ. ಇನ್ನೊಬ್ಬರು ವಾರಕ್ಕೆರಡು ಬ್ಲಾಗ್ ಬರೀರಿ ಅನ್ನುತ್ತಾರೆ. ಮತ್ತೊಬ್ಬರು ಕ್ವಿಜ್, ಪೋಲ್, ವಾಟ್ಸಾಪ್ ಚಾನೆಲ್ ಅಂತ ಶುರು ಮಾಡುತ್ತಾರೆ. ಮೈಸೂರಿನಲ್ಲಿ ನಮ್ಮದು ತಾರಸಿ ತೋಟಕ್ಕೆ ಬೇಕಾದ ಬೀಜ, ಗೊಬ್ಬರ, ಗ್ರೋ ಬ್ಯಾಗ್ ಮಾರುವ ಸಣ್ಣ ಅಂಗಡಿ. ಅದರ ಸೈಟಿಗಾಗಿ ಮೂರೂ ದಾರಿ ಹಿಡಿದು ನೋಡಿದ್ದೇನೆ.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬರೆದ ಬ್ಲಾಗಿಗೆ ಮೊದಲ ಸ್ಥಾನ. ಒಂದೇ ಒಂದು ಕ್ಯಾಲ್ಕುಲೇಟರಿಗೆ ಎರಡನೆಯದು. ದುಡ್ಡು ಕೊಟ್ಟು ತರುವ ಲಿಂಕ್ ಬೇಡವೇ ಬೇಡ. ದುಡ್ಡಿಲ್ಲದೆ ಬಂದ ಲಿಂಕಿನ ಕಥೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಅಳತೆಗೋಲಿನ ಬಗ್ಗೆ ಒಂದು ಮಾತು. ಬಂದವರ ತಲೆ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಬಂದವರು ಎರಡನೇ ಪುಟ ತೆರೆದರಾ, ಪ್ರಶ್ನೆ ಕೇಳಿದರಾ, ಆರ್ಡರ್ ಹಾಕಿದರಾ, ಮತ್ತೆ ಬಂದರಾ: ನಾನು ನೋಡಿದ್ದು ಇಷ್ಟನ್ನೇ.

ಲಿಂಕ್

ಲಿಂಕಿಗೆ ಇಷ್ಟು ಬೆಲೆ ಬಂದದ್ದು 1998ರಿಂದ. ಆಗ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಪೇಜ್‌ರ್‍ಯಾಂಕ್ ಲೆಕ್ಕವನ್ನು ಮುಂದಿಟ್ಟರು. ಒಂದು ಪುಟ ಇನ್ನೊಂದಕ್ಕೆ ಲಿಂಕ್ ಕೊಟ್ಟರೆ ಅದು ವೋಟು ಹಾಕಿದ ಹಾಗೆ. ವೋಟು ಹಾಕಿದ ಪುಟಕ್ಕೆ ಹೆಸರಿದ್ದರೆ ಆ ವೋಟಿಗೆ ತೂಕ ಜಾಸ್ತಿ. ಸರಿ, ವೋಟು ಅಂದ ಮೇಲೆ ದುಡ್ಡು ಹಂಚುವವರು ಬರದೇ ಇರ್ತಾರಾ? ಬಂದರು. ಕಂಡಕಂಡ ಬ್ಲಾಗಿನ ಕಾಮೆಂಟಿನಲ್ಲಿ ಲಿಂಕ್ ತುರುಕಿದರು. ಅದಕ್ಕೆ 2005ರಲ್ಲಿ ನೋಫಾಲೋ ಎಂಬ ಗುರುತು ಬಂತು: ಲಿಂಕ್ ಇರಲಿ, ವೋಟೆಂದು ಎಣಿಸಬೇಡಿ ಅಂತ. 2012ರ ಏಪ್ರಿಲಿನಲ್ಲಿ ಗೂಗಲ್ ಪೆಂಗ್ವಿನ್ ಅಪ್‌ಡೇಟ್ ಬಿಟ್ಟಿತು. ಲಿಂಕ್ ಕೊಂಡು ಮೇಲೆ ಕೂತಿದ್ದ ಎಷ್ಟೋ ಸೈಟುಗಳು ರಾತ್ರೋರಾತ್ರಿ ಕೆಳಗೆ ಬಿದ್ದವು.

ಇಷ್ಟಾದರೂ ಲಿಂಕ್ ಪ್ಯಾಕೇಜು ಮಾರುವವರ ಮೇಲ್ ನಿಂತಿಲ್ಲ. ನೂರಾರು ಲಿಂಕ್, ಎಲ್ಲವೂ ಹೈ ಡಿಎ, ಇಷ್ಟೇ ರೂಪಾಯಿ. ಈ ಡಿಎ ಅನ್ನುವ ಡೊಮೇನ್ ಅಥಾರಿಟಿ ಗೂಗಲ್‌ನ ಅಂಕಿಯೇ ಅಲ್ಲ. ಮಾಜ್ ಎಂಬ ಕಂಪನಿ ತನ್ನ ಅಂದಾಜಿಗೆ ಮಾಡಿಕೊಂಡ ಸ್ಕೋರು ಅದು. ಇದನ್ನು ಯಾರೂ ಹೇಳಿ ಮಾರುವುದಿಲ್ಲ.

ಹೇಗಿರುತ್ತದೆ ನೋಡೋಣ ಅಂತ ಒಂದು ಏಜೆನ್ಸಿಯಿಂದ ಚಿಕ್ಕ ಪ್ಯಾಕೇಜು ತೆಗೆದುಕೊಂಡೆ. ಅಂಗಡಿಯ ಸೈಟಿಗಲ್ಲ, ಪರೀಕ್ಷೆಗೆಂದೇ ಇಟ್ಟುಕೊಂಡಿದ್ದ ಹಳೇ ಡೊಮೇನಿಗೆ. ಲಿಂಕ್‌ಗಳೇನೋ ಬಂದವು. ಎಲ್ಲಿಂದ ಅಂದರೆ ಸಾಲ ಕೊಡುವ ಸೈಟು, ವಾಲ್‌ಪೇಪರ್ ಸೈಟು, ಜೂಜಿನ ಸೈಟು. ಎಲ್ಲದರಲ್ಲೂ ಲಿಂಕಿನ ಮೇಲಿನ ಪದ ಒಂದೇ: 'ಬೆಸ್ಟ್ ಸೀಡ್ಸ್ ಆನ್‌ಲೈನ್'. ನಿಜವಾದ ಮನುಷ್ಯರು ಲಿಂಕ್ ಕೊಟ್ಟರೆ ಹೀಗೆ ಒಂದೇ ಪದ ಬಳಸ್ತಾರಾ? ಒಬ್ಬ 'ಇಲ್ಲಿ ನೋಡಿ' ಅಂತಾನೆ, ಇನ್ನೊಬ್ಬ ಅಂಗಡಿ ಹೆಸರು ಹಾಕುತ್ತಾನೆ. ಸೈಟಿಗೆ ಬಂದವರ ಲೆಕ್ಕ ಇಡುವ ಅನಾಲಿಟಿಕ್ಸ್‌ನಲ್ಲಿ ಗ್ರಾಫ್ ಎದ್ದಿತು, ನಿಜ. ಆದರೆ ಬಂದವರು ಒಂದು ಸೆಕೆಂಡೂ ನಿಂತಿರಲಿಲ್ಲ, ಅಂದರೆ ಮನುಷ್ಯರಲ್ಲ, ಬರೀ ಬಾಟ್ ಎಂಬ ಪ್ರೋಗ್ರಾಂಗಳು. ಗೂಗಲ್ ಹುಡುಕಾಟದಲ್ಲಿ ಸೈಟು ಹೇಗೆ ಕಾಣುತ್ತಿದೆ ಎಂದು ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಏನೂ ಅಲುಗಾಡಲಿಲ್ಲ. ಕೆಲವು ತಿಂಗಳ ನಂತರ ನೋಡಿದರೆ ಲಿಂಕ್‌ಗಳಲ್ಲಿ ಬಹಳಷ್ಟು ಮಾಯ.

ಬೇರೆಯವರ ಬ್ಲಾಗಿಗೆ ಬರೆದುಕೊಟ್ಟು ಲಿಂಕ್ ಪಡೆಯುವ ದಾರಿಯೂ ಹಳಸಿದೆ. ಗೂಗಲ್‌ನಲ್ಲಿ ಆಗ ಸ್ಪ್ಯಾಮ್ ತಡೆಯುವ ತಂಡ ನೋಡಿಕೊಳ್ಳುತ್ತಿದ್ದ ಮ್ಯಾಟ್ ಕಟ್ಸ್ 2014ರ ಜನವರಿಯಲ್ಲೇ ಲಿಂಕಿಗಾಗಿ ಗೆಸ್ಟ್ ಪೋಸ್ಟ್ ಮಾಡುವುದನ್ನು ನಿಲ್ಲಿಸಿ ಎಂದು ಬರೆದಿದ್ದರು. ಓದುಗರಿಗಾಗಿ ಬರೆದರೆ ತೊಂದರೆ ಇಲ್ಲ. ನಾನು ಬರೆದದ್ದಕ್ಕೆ ಕೆಲ ದಿನ ಜನ ಬಂದರು, ಆಮೇಲೆ ಇಲ್ಲ.

ಕೆಲಸಕ್ಕೆ ಬಂದ ಲಿಂಕ್ ಯಾವುದು ಗೊತ್ತಾ? ನಮಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕೊಡುವವರ ಸೈಟಿನ ಡೀಲರ್ ಪಟ್ಟಿ. ಊರಿನ ಹೆಸರು, ಅಂಗಡಿ ಹೆಸರು, ಒಂದು ಲಿಂಕ್, ಅಷ್ಟೇ. ಒಂದು ಫೋನು ಮಾಡಿ ಕೇಳಿದ್ದಕ್ಕೆ ಹಾಕಿಕೊಟ್ಟರು. ಅಲ್ಲಿಂದ ಬರುವವರು ಬಹಳ ಕಡಿಮೆ. ಆದರೆ ಬಂದವರು ಕೊಳ್ಳುವುದಕ್ಕೇ ಬಂದಿರುತ್ತಾರೆ. ನಿಮ್ಮ ಸರಬರಾಜುದಾರರು, ನೀವು ಸದಸ್ಯರಾಗಿರುವ ಸಂಘ, ನೀವು ಹೋಗಿ ಪಾಠ ಮಾಡಿದ ಶಾಲೆ: ಇವರ ಸೈಟಿನಲ್ಲಿ ನಿಮ್ಮ ಹೆಸರಿದ್ದೂ ಲಿಂಕ್ ಇಲ್ಲದಿದ್ದರೆ ಮೊದಲು ಅದನ್ನು ಕೇಳಿ.

ಬ್ಲಾಗ್

ಬ್ಲಾಗ್ ಬರೆಯಿರಿ ಅನ್ನುವುದು ಸುಲಭ. ಯಾವುದರ ಬಗ್ಗೆ ಅನ್ನುವುದೇ ತಲೆನೋವು. 'ತಾರಸಿ ತೋಟದ ಮಹತ್ವ' ಅಂತ ಬರೆದರೆ ಯಾರೂ ಓದುವುದಿಲ್ಲ, ಯಾಕೆಂದರೆ ಯಾರೂ ಅದನ್ನು ಹುಡುಕುವುದಿಲ್ಲ. ವಿಷಯ ಇರುವುದು ಅಂಗಡಿಯ ಫೋನಿನಲ್ಲಿ.

'ಅಣ್ಣಾ, ಮೆಣಸಿನ ಗಿಡದ ಎಲೆ ಮುದುರ್ಕೊಂಡಿದೆ. ಏನಾದ್ರೂ ಔಷಧಿ ಕಳ್ಸಿ.'

'ಮೇಲಕ್ಕೆ ಮುದುರಿದೆಯಾ, ಕೆಳಕ್ಕಾ ಮೇಡಂ?'

'ಅದ್ರಲ್ಲೂ ವ್ಯತ್ಯಾಸ ಇದ್ಯಾ?'

ಇದೆ. ಎಲೆಯ ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ಸಣ್ಣ ಕೀಟದ ಕಾಟ. ಕೆಳಕ್ಕೆ ಮಡಚಿ ಎಲೆಯ ತೊಟ್ಟು ಉದ್ದವಾಗಿ ಕಂಡರೆ ಮೈಟ್ ನುಸಿ. ಎಲೆ ಚಿಕ್ಕದಾಗಿ, ಗಿಡ ಗಿಡ್ಡವಾಗಿ, ತುದಿ ಗೊಂಚಲಾಗಿ ನಿಂತರೆ ಬಿಳಿನೊಣ ಹರಡುವ ವೈರಸ್. ಅದಕ್ಕೆ ಔಷಧಿ ಇಲ್ಲ. ಗಿಡ ಕಿತ್ತು ಹಾಕಬೇಕು. ಈ ಮೂರಕ್ಕೂ ನಮ್ಮ ತಾರಸಿಯಲ್ಲೇ ಫೋಟೋ ತೆಗೆದು ಒಂದು ಪೋಸ್ಟ್ ಬರೆದೆ. 'ವೈರಸ್ ಆಗಿದ್ದರೆ ನಮ್ಮಿಂದ ಏನೂ ಕೊಳ್ಳಬೇಡಿ' ಎಂದೂ ಸೇರಿಸಿದೆ. ಇವತ್ತಿಗೂ ನಮ್ಮ ಸೈಟಿನಲ್ಲಿ ಅತಿ ಹೆಚ್ಚು ಜನ ಬಂದು ಇಳಿಯುವ ಪುಟ ಅದೇ. ಅದರಿಂದ ಜಾಸ್ತಿ ಮಾರಾಟವಾಗುವುದು ಔಷಧಿಯಲ್ಲ, ಬೀಜ.

ಇದೇ ವಿಷಯವನ್ನು ಇಂಗ್ಲಿಷಿನಲ್ಲೂ ಬರೆದಿದ್ದೆ. ಗೂಗಲ್‌ನಲ್ಲಿ ಎಷ್ಟನೇ ಪುಟದಲ್ಲಿ ಇದೆಯೋ ದೇವರಿಗೇ ಗೊತ್ತು. ಇಂಗ್ಲಿಷಿನಲ್ಲಿ ಈ ಪ್ರಶ್ನೆಗೆ ಅಮೆರಿಕದ ಕೃಷಿ ವಿಶ್ವವಿದ್ಯಾಲಯಗಳೂ ದೊಡ್ಡ ದೊಡ್ಡ ಕಂಪನಿಗಳೂ ಉತ್ತರ ಬರೆದಿಟ್ಟಿವೆ. ಕನ್ನಡದಲ್ಲಿ ಆ ಜಾಗ ಹೆಚ್ಚು ಕಡಿಮೆ ಖಾಲಿ ಇತ್ತು. ಸಣ್ಣ ಸೈಟಿಗೆ ಕನ್ನಡ ಅಭಿಮಾನದ ವಿಷಯ ಅಷ್ಟೇ ಅಲ್ಲ, ವ್ಯಾಪಾರದ ಬುದ್ಧಿಯೂ ಹೌದು.

ಕನ್ನಡ ಬ್ಲಾಗಿಗೆ ಅದರದ್ದೇ ಎರಡು ತರಲೆಗಳಿವೆ. ಮೊದಲನೆಯದು ಪುಟದ ವಿಳಾಸ. ಶೀರ್ಷಿಕೆ ಕನ್ನಡದಲ್ಲಿದ್ದರೆ ಸೈಟ್ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶ ವಿಳಾಸವನ್ನೂ ಕನ್ನಡದಲ್ಲೇ ಮಾಡುತ್ತದೆ. ನೋಡಲು ಚೆಂದ. ಅದನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿ ನೋಡಿ: ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳ ಉದ್ದನೆಯ ರೈಲು. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್, ವಿಳಾಸದಲ್ಲಿ ಒಂದೊಂದು ಬೈಟಿಗೂ ಮೂರು ಅಕ್ಷರ. 'ಮೆಣಸಿನಕಾಯಿ' ಎಂಬ ಒಂದೇ ಪದದಲ್ಲಿ ಕಾಗುಣಿತದ ಗುರುತೂ ಸೇರಿ ಹತ್ತು ಚಿಹ್ನೆ. ಅದು ಹಿಗ್ಗಿ 90 ಅಕ್ಷರ ಆಗುತ್ತದೆ! ಯಾವುದೋ ವೈರಸ್ ಲಿಂಕ್ ಅಂದುಕೊಂಡು ಜನ ಮುಟ್ಟುವುದಿಲ್ಲ. ಹಾಗಾಗಿ ಬರಹ ಕನ್ನಡ, ವಿಳಾಸ ಮಾತ್ರ ಇಂಗ್ಲಿಷ್ ಅಕ್ಷರದ ಎರಡು ಮೂರು ಪದ.

ಎರಡನೆಯದು, ಜನ ಹುಡುಕುವ ರೀತಿ. ಸರ್ಚ್ ಕನ್ಸೋಲ್‌ನ ಕ್ವೆರಿ ಪಟ್ಟಿ ತೆರೆದರೆ ಒಂದೇ ಪ್ರಶ್ನೆ ಮೂರು ವೇಷದಲ್ಲಿ ಕಾಣುತ್ತದೆ. ಕನ್ನಡ ಲಿಪಿಯಲ್ಲಿ ಕೆಲವರು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವವರು ಕೆಲವರು, 'ಚಿಲ್ಲಿ ಲೀಫ್ ಕರ್ಲ್ ಇನ್ ಕನ್ನಡ' ಅಂತ ಕೇಳುವವರು ಇನ್ನು ಕೆಲವರು. ಅದಕ್ಕೇ ಮೊದಲ ಪ್ಯಾರಾದಲ್ಲಿ ಮುಟುರು ರೋಗ ಅನ್ನುವ ಹೆಸರನ್ನೂ, ಎಲೆ ಮುದುಡುವುದು ಅನ್ನುವ ಮಾತನ್ನೂ, ಇಂಗ್ಲಿಷ್ ಹೆಸರನ್ನೂ ಒಂದೊಂದು ಸಲ ಸಹಜವಾಗಿ ತರುತ್ತೇನೆ. ಒಂದೊಂದೇ ಸಲ. ಹತ್ತು ಸಲ ತುರುಕಿದರೆ ಓದುವವರು ಓಡಿಹೋಗುತ್ತಾರೆ.

ಬ್ಲಾಗಿನ ದೊಡ್ಡ ಕೊರತೆ ಅದರ ನಿಧಾನ. ಇವತ್ತು ಬರೆದದ್ದಕ್ಕೆ ನಾಳೆ ಫಲ ಇಲ್ಲ. ಮಳೆಗಾಲದ ಬಿತ್ತನೆ ಬಗ್ಗೆ ರೋಹಿಣಿ ಮಳೆ ಶುರುವಾಗುವ ಮೇ 25ರ ಹೊತ್ತಿಗೆ ಬರೆಯಲು ಕೂತರೆ, ಗೂಗಲ್‌ನಲ್ಲಿ ಅದು ಸರಿಯಾಗಿ ಕಾಣಿಸಿಕೊಳ್ಳುವಷ್ಟರಲ್ಲಿ ಆರಿದ್ರಾ ಮಳೆಯೂ ಮುಗಿದಿರುತ್ತದೆ. ನಾನು ಯುಗಾದಿ ಹೊತ್ತಿಗೇ ಬರೆದು ಹಾಕುತ್ತೇನೆ. ಹೂವಿನ ಬೀಜದ ಪುಟಗಳಿಗೆ ಜನವರಿ, ಆಗಸ್ಟ್‌ನಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹೊತ್ತಿಗೆ, ಆಮೇಲೆ ದಸರೆಗೆ ನಮ್ಮೂರ ಕುಪ್ಪಣ್ಣ ಪಾರ್ಕಿನ ಪ್ರದರ್ಶನ ನಡೆಯುವಾಗ ಜನ ಜಾಸ್ತಿ. ಹೊಸ ಪೋಸ್ಟ್‌ಗಿಂತ, ಆ ಸಮಯಕ್ಕೆ ಮುಂಚೆ ಹಳೇ ಪೋಸ್ಟ್ ತೆರೆದು ಫೋಟೋ ಬದಲಾಯಿಸಿ, ಬಂದ ಪ್ರಶ್ನೆಗಳಿಗೆ ಉತ್ತರ ಸೇರಿಸಿದ್ದೇ ಹೆಚ್ಚು ಫಲ ಕೊಟ್ಟಿದೆ.

ಕ್ವಿಜ್, ವಾಟ್ಸಾಪ್, ಕ್ಯಾಲ್ಕುಲೇಟರ್

ಇಂಟರ್‌ಆ್ಯಕ್ಟಿವ್ ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಾರೆ. ಆದರೆ ಇವುಗಳ ನಡುವೆಯೇ ಅಜಗಜಾಂತರ.

'ನಿಮ್ಮ ಸ್ವಭಾವಕ್ಕೆ ಯಾವ ತರಕಾರಿ?' ಅಂತ ಒಂದು ಕ್ವಿಜ್ ಮಾಡಿದ್ದೆವು. ಜನ ಮುಗಿಬಿದ್ದರು. ಸ್ನೇಹಿತರಿಗೆ ಹಂಚಿದರು, ನಕ್ಕರು, ಹೋದರು. ಬೀಜದ ಪುಟ ತೆರೆದವರು ಬೆರಳೆಣಿಕೆ. ತಲೆ ಎಣಿಸಿದ್ದರೆ ಇದಕ್ಕೇ ಮೊದಲ ಬಹುಮಾನ ಕೊಡಬೇಕಿತ್ತು. ಇನ್‌ಸ್ಟಾಗ್ರಾಂ ಪೋಲ್ ಕೂಡ ಹೆಚ್ಚು ಕಡಿಮೆ ಇದೇ ಜಾತಿ. ಅಲ್ಲಿ ಪೋಸ್ಟಿನ ಕೆಳಗೆ ಬರೆದ ಲಿಂಕ್ ಒತ್ತಿದರೆ ತೆರೆಯುವುದೂ ಇಲ್ಲ. ಸ್ಟೋರಿಯ ಸ್ಟಿಕರ್, ಇಲ್ಲವೇ ಬಯೋ, ಎರಡೇ ಗತಿ.

ವಾಟ್ಸಾಪ್ ಚಾನೆಲ್ ಪರವಾಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಇದು ಭಾರತಕ್ಕೆ ಬಂತು. ಗ್ರೂಪಿನ ಹಾಗೆ ಗುಡ್ ಮಾರ್ನಿಂಗ್ ಹಾವಳಿ ಇಲ್ಲ, ಯಾಕೆಂದರೆ ಮೆಸೇಜ್ ಹಾಕುವವರು ಅಡ್ಮಿನ್ ಮಾತ್ರ. ಫಾಲೋ ಮಾಡುವವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದೂ ಇಲ್ಲ. ಹೆಂಗಸರು ಧೈರ್ಯವಾಗಿ ಸೇರುತ್ತಾರೆ. ಆದರೆ ಇದು ಹೊಸಬರನ್ನು ತರುವುದಿಲ್ಲ, ಬಂದವರನ್ನು ಮತ್ತೆ ಕರೆಯುತ್ತದೆ. ಒಂದು ಸೂಕ್ಷ್ಮ ಇದೆ: ವಾಟ್ಸಾಪಿನಿಂದ ಬಂದವರು ಅನಾಲಿಟಿಕ್ಸ್‌ನಲ್ಲಿ 'ಡೈರೆಕ್ಟ್' ಅಂತ ಕಾಣುತ್ತಾರೆ, ವಿಳಾಸ ತಾವೇ ಟೈಪ್ ಮಾಡಿ ಬಂದವರ ಹಾಗೆ. ಲಿಂಕಿನ ಕೊನೆಗೆ ಯುಟಿಎಂ ಟ್ಯಾಗ್ (ಎಲ್ಲಿಂದ ಬಂದರು ಎಂದು ಹೇಳುವ ಗುರುತು) ಹಾಕದಿದ್ದರೆ ಚಾನೆಲಿಗೆ ಸಲ್ಲಬೇಕಾದ ಹೆಸರು ಎಲ್ಲೋ ಹೋಗುತ್ತದೆ.

ಇನ್ನು ಕ್ಯಾಲ್ಕುಲೇಟರ್. ಇದೂ ಫೋನಿನಲ್ಲಿ ಬರುತ್ತಿದ್ದ ಪ್ರಶ್ನೆಯೇ: ಇಪ್ಪತ್ತು ಗ್ರೋ ಬ್ಯಾಗಿಗೆ ಎಷ್ಟು ಕೋಕೋಪೀಟ್ ಬೇಕು? 12 ಇಂಚು ಅಗಲ, 12 ಇಂಚು ಎತ್ತರದ ಬ್ಯಾಗನ್ನು 10 ಇಂಚಿನವರೆಗೆ ತುಂಬಿದರೆ ಸುಮಾರು 18.5 ಲೀಟರ್ ಹಿಡಿಸುತ್ತದೆ. ಇಪ್ಪತ್ತಕ್ಕೆ 370 ಲೀಟರ್. ಕೆಮ್ಮಣ್ಣು, ಗೊಬ್ಬರ, ಕೋಕೋಪೀಟ್ ಸಮಪಾಲು ಅಂದರೆ ಒಂದೊಂದೂ 123 ಲೀಟರ್. 5 ಕೆಜಿಯ ಕೋಕೋಪೀಟ್ ಇಟ್ಟಿಗೆ ನೀರಲ್ಲಿ ನೆನೆದು 60ರಿಂದ 70 ಲೀಟರಿನಷ್ಟು ಅರಳುತ್ತದೆ. ಅಲ್ಲಿಗೆ ಎರಡು ಇಟ್ಟಿಗೆ. ಪ್ರತಿ ಸಲ ಕಾಗದದಲ್ಲಿ ಹಾಕುತ್ತಿದ್ದ ಈ ಲೆಕ್ಕವನ್ನೇ ಕಂಪ್ಯೂಟರ್ ಸೈನ್ಸ್ ಓದುತ್ತಿರುವ ಅಕ್ಕನ ಮಗ ಒಂದು ಪುಟಕ್ಕೆ ಇಳಿಸಿಕೊಟ್ಟ. ಬ್ಯಾಗಿನ ಅಳತೆ, ಸಂಖ್ಯೆ ಹಾಕಿದರೆ ಉತ್ತರ ಬರುತ್ತದೆ. ಬಣ್ಣ, ಆ್ಯನಿಮೇಷನ್ ಏನೂ ಇಲ್ಲ. ಹಳೇ ಫೋನಿನಲ್ಲೂ ಥಟ್ಟನೆ ತೆರೆಯುತ್ತದೆ.

ಇದಕ್ಕೆ ಬರುವ ಜನ ಬ್ಲಾಗಿಗಿಂತ ಕಡಿಮೆ. ಆದರೆ ಮತ್ತೆ ಮತ್ತೆ ಬರುತ್ತಾರೆ. ಉತ್ತರದ ಕೆಳಗೇ 'ಎರಡು ಇಟ್ಟಿಗೆ ಕಾರ್ಟಿಗೆ ಹಾಕಿ' ಎಂಬ ಬಟನ್ ಇರುವುದರಿಂದ ಆರ್ಡರ್ ಪ್ರಮಾಣದಲ್ಲಿ ಬ್ಲಾಗನ್ನು ಸುಲಭವಾಗಿ ಹಿಂದೆ ಹಾಕಿದೆ.

ಅದಕ್ಕಿಂತ ಸೋಜಿಗದ ಸಂಗತಿ, ಲಿಂಕ್‌ಗಳು ತಾವಾಗಿ ಬರತೊಡಗಿದವು. ಅಪಾರ್ಟ್‌ಮೆಂಟ್ ಸಂಘವೊಂದರ ತೋಟದ ಪುಟ, ಶಾಲೆಯೊಂದರ ಇಕೋ ಕ್ಲಬ್, ತೋಟದ ಬಗ್ಗೆ ಬರೆಯುವ ಒಂದಿಬ್ಬರು. ಯಾರನ್ನೂ ಕೇಳಿರಲಿಲ್ಲ. ಬಾಯಲ್ಲಿ ಹೇಳಿ ಸಾಕಾದಾಗ 'ಇಲ್ಲಿ ಲೆಕ್ಕ ಹಾಕ್ಕೊಳ್ಳಿ' ಅಂತ ಲಿಂಕ್ ಕೊಟ್ಟಿದ್ದಾರೆ. ಅಂಗಡಿಯ ಮುಖಪುಟಕ್ಕೆ ಯಾರು ಸುಮ್ನೆ ಲಿಂಕ್ ಕೊಡ್ತಾರೆ? ಒಬ್ಬರು ಕ್ಯಾಲ್ಕುಲೇಟರನ್ನು ತಮ್ಮ ಸೈಟಿನಲ್ಲೇ ಕೂರಿಸಬಹುದಾ ಅಂತ ಕೇಳಿದರು. ಕೊಟ್ಟೆವು. ಕೆಳಗೆ ಅಂಗಡಿಯ ಹೆಸರಷ್ಟೇ ಇದೆ. ಹೀಗೆ ಬೇರೆ ಸೈಟಿನಲ್ಲಿ ಕೂರಿಸುವ ವಿಜೆಟ್‌ನಲ್ಲಿ ಕೀವರ್ಡ್ (ಜನ ಹುಡುಕುವ ಪದ) ತುಂಬಿದ ಲಿಂಕ್ ಅಡಗಿಸಿಡುವುದು ಗೂಗಲ್ ನಿಯಮಕ್ಕೆ ವಿರುದ್ಧ. ಸ್ವಲ್ಪ ಆಸೆಗೆ ಬಿದ್ದರೂ ಬಂದ ಒಳ್ಳೆಯ ಹೆಸರು ಹೋಗುತ್ತದೆ.

ಹಾಗಾದರೆ ಎಲ್ಲಿಂದ ಶುರು?

ಖರ್ಚಿನ ಲೆಕ್ಕದಲ್ಲಿ ಬ್ಲಾಗಿಗೆ ಸಮಯ ಮಾತ್ರ. ಕ್ಯಾಲ್ಕುಲೇಟರಿಗೆ ಒಂದು ಸಲ ಕೋಡ್ ಬರೆಸುವ ಖರ್ಚು. ಲಿಂಕ್ ಕೇಳುವುದಕ್ಕೆ ಫೋನು ಮತ್ತು ಸ್ವಲ್ಪ ಸಂಕೋಚ ಬಿಡುವುದು. ಬೀದಿಯಲ್ಲಿ ಅಂಗಡಿ ಇದ್ದು, ಸುತ್ತಮುತ್ತಲಿನವರೇ ಗಿರಾಕಿಗಳಾದರೆ ಈ ಮೂರಕ್ಕಿಂತ ಮೊದಲು ಗೂಗಲ್ ಬಿಸಿನೆಸ್ ಪ್ರೊಫೈಲ್ ಸರಿ ಮಾಡಿಕೊಳ್ಳಿ: ಸಮಯ, ಫೋಟೋ, ಫೋನ್ ನಂಬರ್. ಊರಾಚೆಗೆ ಕೊರಿಯರ್ ಮಾಡುವವರಾದರೆ ಬ್ಲಾಗಿನಿಂದ ಶುರು ಮಾಡಿ.

ಬ್ಲಾಗಿನ ಬಗ್ಗೆ ಒಂದು ಅಳುಕು ನನಗೂ ಇದೆ. 2024ರಿಂದ ನಮ್ಮಲ್ಲೂ ಗೂಗಲ್ ಎಷ್ಟೋ ಪ್ರಶ್ನೆಗೆ ಎಐ ಬರೆದ ಉತ್ತರವನ್ನು ಮೇಲೆಯೇ ತೋರಿಸುತ್ತಿದೆ. ಅಲ್ಲೇ ಓದಿ ಮುಗಿಸಿದವರು ಸೈಟಿಗೆ ಯಾಕೆ ಬರ್ತಾರೆ? 'ಕೋಕೋಪೀಟ್ ಎಂದರೇನು' ತರಹದ ಪುಟಗಳನ್ನು ನಾನು ಬರೆಯುವುದೇ ಬಿಟ್ಟಿದ್ದೇನೆ. ನಮ್ಮದೇ ತಾರಸಿಯ ಫೋಟೋ ಇರುವ ರೋಗದ ಪುಟಗಳು, ಲೆಕ್ಕದ ಪುಟಗಳು, ಇಷ್ಟಕ್ಕೇ ಈಗ ನನ್ನ ಸಮಯ. ಸದ್ಯ ಡ್ರಿಪ್ ಕ್ಯಾಲ್ಕುಲೇಟರ್ ಕೆಲಸ ನಡೆದಿದೆ: ಇಷ್ಟು ಕುಂಡಕ್ಕೆ ಎಷ್ಟು ಡ್ರಿಪ್ಪರ್, ಎಷ್ಟು ಮೀಟರ್ ಪೈಪು, ದಿನಕ್ಕೆ ಎಷ್ಟು ನಿಮಿಷ ನೀರು. ಗಂಟೆಗೆ 2 ಲೀಟರಿನ ಡ್ರಿಪ್ಪರೋ 4 ಲೀಟರಿನದೋ ಅಂತ ಮೊದಲೇ ಕೇಳೋಣ ಅನ್ನುತ್ತಾನೆ ಅಕ್ಕನ ಮಗ. ಹೊಸಬರಿಗೆ ಅದು ಗೊತ್ತಿರಲ್ಲ, 2 ಲೀಟರ್ ಅಂತಲೇ ಇಟ್ಟುಬಿಡು ಅಂತ ನಾನು. ಇನ್ನೂ ತೀರ್ಮಾನ ಆಗಿಲ್ಲ.